ಏಳು ಸೀಟಿನ ಲೆಕ್ಕ

ರಘು ಮತ್ತು ಚೈತ್ರಾ ಮೊದಲ ಸಲ ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಆಪ್ತಸಲಹೆಯ ಕೋಣೆಗೆ ಬಂದಾಗ ಹನ್ನೊಂದು ಕಾರುಗಳ ಬ್ರೋಷರ್ ಮತ್ತು ನೂರು ಪುಟದ ಒಂದು ನೋಟ್‌ಬುಕ್ ತಂದಿದ್ದರು. ದಾಂಪತ್ಯದ ತೊಂದರೆ ಎಂದು ಫೋನಿನಲ್ಲಿ ಸಮಯ ಕೇಳಿದವರು ಇವರೇ ಹೌದೇ ಎಂದು ನನಗೆ ಅನುಮಾನವಾಯಿತು. ಮೈಲೇಜ್, ಡಿಕ್ಕಿಯ ಅಳತೆ, ಏರ್‌ಬ್ಯಾಗ್, ಸರ್ವಿಸ್ ಖರ್ಚು ಎಂದು ಗೆರೆ ಎಳೆದು ರಘು ಒಂಬತ್ತು ತಿಂಗಳಿನಿಂದ ಆ ನೋಟ್‌ಬುಕ್ ತುಂಬಿಸುತ್ತಿದ್ದರು. ಅಕ್ಷರ ದುಂಡಾಗಿತ್ತು. ಚೈತ್ರಾ ಅದನ್ನು ಸವತಿಯನ್ನು ನೋಡುವಂತೆ ನೋಡುತ್ತಿದ್ದರು.

(ಹೆಸರು, ಉದ್ಯೋಗ, ಊರಿನ ಗುರುತು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ಹಣದ ಅಂಕಿಗಳು ಇದ್ದ ಹಾಗೇ ಇರಲಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದವರು ಚೈತ್ರಾ.)

ರಘುವಿಗೆ ಮೂವತ್ತನಾಲ್ಕು, ಚೈತ್ರಾಗೆ ಮೂವತ್ತೊಂದು. ಮದುವೆಯಾಗಿ ನಾಲ್ಕು ವರ್ಷ. ರಘುವಿಗೆ ಹೂಟಗಳ್ಳಿಯ ಕಡೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ; ಕೈಗೆ ಬರುವುದು 58,000 ರೂಪಾಯಿ. ಚೈತ್ರಾ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, 24,000. ಕುವೆಂಪುನಗರದ ಮನೆಗೆ ಬಾಡಿಗೆ 14,000. ಇರುವುದು ಒಂದು ಸ್ಕೂಟರ್. ರಘುವಿನ ತಂದೆ ತಾಯಿ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಕಬ್ಬು, ಭತ್ತ ಬೆಳೆದುಕೊಂಡು ಇದ್ದಾರೆ.

ಮೊದಲು ಕಾರು, ಆಮೇಲೆ ಮಗು. ಇದು ರಘು ಹಾಕಿದ ಕಟ್ಟುಪಾಡು. “ಮೇಡಂ, ಮೊದಲು ಆರು ತಿಂಗಳು ಎಂದರು. ಆಮೇಲೆ ಹೊಸ ಮಾದರಿ ಬರುತ್ತದೆ ಎಂದರು. ಈಗ ದಸರಾ ರಿಯಾಯಿತಿ ಬರಲಿ ಎನ್ನುತ್ತಿದ್ದಾರೆ. ಕಾರಿಗೆ ವರ್ಷ ವರ್ಷ ಹೊಸ ಮಾದರಿ ಬರುತ್ತದೆ, ನನಗೆ ಬರುತ್ತದೆಯೇ?” ಎಂದರು ಚೈತ್ರಾ. ಅವರಿಗೆ ಸಣ್ಣ ಪೆಟ್ರೋಲ್ ಕಾರು ಸಾಕು, ಹಳೆಯದಾದರೂ ಅಡ್ಡಿಯಿಲ್ಲ. ರಘುವಿಗೆ ಬೇಕಾದದ್ದು ಏಳು ಸೀಟಿನ ಡೀಸೆಲ್ ಗಾಡಿ. ಅದರ ಹಿಂದೆ ತಂದೆಯ ಮಾತಿತ್ತು: ಮನೆಯ ಮುಂದೆ ನಿಂತರೆ ನಾಲ್ಕು ಜನರ ಕಣ್ಣಿಗೆ ಬೀಳಬೇಕು.

ಮೊದಲ ದಿನ ನಾನು ಕಾರಿನ ಮಾತನ್ನೇ ಆಡಿದೆ. ತಂದ ಮೂಟೆಯನ್ನು ಬಿಚ್ಚಿಸದೆ ಮನಸ್ಸನ್ನು ಬಿಚ್ಚಿ ಎಂದರೆ ಯಾರೂ ಬಿಚ್ಚುವುದಿಲ್ಲ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ನೂರು ಪುಟದಲ್ಲಿ ಎಲ್ಲೂ ಆ ಅಂಕಿ ಇರಲಿಲ್ಲ! ಅಲ್ಲೇ ಕೂಡಿಸಿದೆವು: ಕಾರ್ಖಾನೆ, ಸಂತೆ, ತಿಂಗಳಿಗೆ ಎರಡು ಸಲ ಊರು, ಎರಡು ತಿಂಗಳಿಗೊಮ್ಮೆ ಮಳವಳ್ಳಿಯಲ್ಲಿರುವ ಚೈತ್ರಾರ ತವರು. ಎಷ್ಟು ಎಳೆದರೂ 700 ಕಿಲೋಮೀಟರ್ ದಾಟಲಿಲ್ಲ. ಲೀಟರಿಗೆ 12 ಕೊಡುವ ಕಾರಿಗೂ 18 ಕೊಡುವ ಕಾರಿಗೂ ಇಷ್ಟು ಓಟಕ್ಕೆ ತಿಂಗಳಿಗೆ ಹತ್ತೊಂಬತ್ತು ಲೀಟರಿನ ಅಂತರ. ಲೀಟರಿಗೆ 102 ರೂಪಾಯಿ ಹಿಡಿದರೂ ಎರಡು ಸಾವಿರ ಮುಟ್ಟುವುದಿಲ್ಲ.

ಸಾಲದ ಕಂತಿನ ಕಥೆ ಬೇರೆ. ರಘು ಗುರುತು ಹಾಕಿಕೊಂಡಿದ್ದ ಗಾಡಿಗೆ 14 ಲಕ್ಷ ಸಾಲ ಬೇಕು. ಶೇಕಡಾ 9ರ ಬಡ್ಡಿ, ಏಳು ವರ್ಷ ಎಂದರೆ ತಿಂಗಳ ಕಂತು 22,500 ದಾಟುತ್ತದೆ, ಬಡ್ಡಿಯೇ ಐದು ಲಕ್ಷದ ಹತ್ತಿರ. ಆರು ಲಕ್ಷ ಸಾಲಕ್ಕೆ ಐದು ವರ್ಷದ ಕಂತು 12,500ರೊಳಗೆ. ಒಂಬತ್ತು ತಿಂಗಳು ಎರಡು ಸಾವಿರದ ಮೈಲೇಜಿಗೆ ಜಗಳವಾಡಿದವರು ಕಂತಿನ ಹತ್ತು ಸಾವಿರದ ಅಂತರದ ಬಗ್ಗೆ ಒಂದು ದಿನವೂ ಕುಳಿತು ಮಾತನಾಡಿರಲಿಲ್ಲ. ಮಗುವಾದ ಮೇಲೆ ಚೈತ್ರಾ ಒಂದೆರಡು ವರ್ಷ ಕೆಲಸ ಬಿಡಬೇಕಾಗಿ ಬಂದರೆ? 58,000ದಲ್ಲಿ ಬಾಡಿಗೆ, ಕಂತು ಕಳೆದು ಉಳಿಯುವುದೆಷ್ಟು? ರಘು ಕ್ಯಾಲ್ಕುಲೇಟರ್ ತೆಗೆದರು, ಒತ್ತಿ ನೋಡಿದರು, ಮತ್ತೆ ಜೇಬಿಗೆ ಹಾಕಿಕೊಂಡರು.

ಡೀಸೆಲಿನ ಬಗ್ಗೆಯೂ ಒಂದು ಮಾತು ಹೇಳಿದೆ. ಇದನ್ನು ನನಗೆ ಹೇಳಿಕೊಟ್ಟದ್ದು ನನ್ನ ಹನ್ನೆರಡು ವರ್ಷದ ಕಾರನ್ನು ಇನ್ನೂ ಬದುಕಿಸಿಟ್ಟಿರುವ ಮೆಕ್ಯಾನಿಕ್. 2020ರ ಏಪ್ರಿಲ್ ನಂತರದ ಬಿಎಸ್-6 ಎಂಬ ಹೊಗೆ ನಿಯಮದ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಒಂದಿಷ್ಟು ವೇಗದಲ್ಲಿ ದೂರ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ದಿನಾ ಎಂಟು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ವರ್ಕ್‌ಶಾಪಿಗೆ ಅಲೆದಾಟ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುವವರ ಮಾತು ಬೇರೆ.

ಇಷ್ಟಾದರೂ ರಘು ಏಳು ಸೀಟನ್ನು ಬಿಡಲಿಲ್ಲ. ಲೆಕ್ಕ ಒಪ್ಪಿದ ಮೇಲೂ ಮನುಷ್ಯ ಒಪ್ಪದಿದ್ದರೆ ನಾನು ಲೆಕ್ಕವನ್ನು ಬದಿಗಿಡುತ್ತೇನೆ.

ಎರಡನೆಯ ಭೇಟಿಯಲ್ಲಿ ರಘುವಿಗೆ ಒಂದು ಬಿಳಿ ಹಾಳೆ ಕೊಟ್ಟೆ. ಏಳು ಚೌಕ ಬರೆಯಿರಿ, ಮುಂದಿನ ವರ್ಷ ಒಂದು ಭಾನುವಾರ ಎಲ್ಲರೂ ಕಾರಿನಲ್ಲಿ ಹೊರಟಿದ್ದೀರಿ, ಯಾರು ಎಲ್ಲಿ ಕೂರುತ್ತಾರೆ ಎಂದು ಹೆಸರು ತುಂಬಿ ಎಂದೆ. ಅವರು ಉತ್ಸಾಹದಿಂದಲೇ ಬರೆದರು. ಸ್ಟೀರಿಂಗ್ ಹಿಂದೆ ತಾನು, ಪಕ್ಕದಲ್ಲಿ ಅಪ್ಪ. ನಡುವಿನ ಸಾಲಿನಲ್ಲಿ ಅಮ್ಮ, ಅಕ್ಕ, ಅಕ್ಕನ ಮಗಳು. ಕೊನೆಯ ಸಾಲಿನಲ್ಲಿ ಅಕ್ಕನ ಮಗ, ಚೈತ್ರಾ. ಏಳೂ ತುಂಬಿತು. ಹಾಳೆಯನ್ನು ಹೆಂಡತಿಯ ಕಡೆ ತಿರುಗಿಸಿದರು.

ಕೊನೆಯ ಸಾಲಿನಲ್ಲಿ ಕೂರಿಸಿದ್ದಕ್ಕೆ ಚೈತ್ರಾ ಸಿಡಿದೇಳುತ್ತಾರೆ ಎಂದುಕೊಂಡಿದ್ದೆ. ಅವರು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಚೌಕ ದಾಟಿಸಿ, “ರೀ, ಮಗು ಎಲ್ಲಿ?” ಎಂದು ಮೆಲ್ಲಗೆ ಕೇಳಿದರು.

ರಘು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. “ಬರೆಯಲು ಕೈ ಬರುವುದಿಲ್ಲ” ಎಂದರು.

ಹಿಂದಿನ ವರ್ಷ ಚೈತ್ರಾ ಗರ್ಭಿಣಿಯಾಗಿದ್ದರು. ಯುಗಾದಿಗೆ ಇಬ್ಬರೂ ಸ್ಕೂಟರಿನಲ್ಲಿ ಊರಿಗೆ ಹೋಗಿ ಬಂದರು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಹೋಗಬೇಕಾದದ್ದು ಸರ್ವಿಸ್ ರಸ್ತೆಯಲ್ಲೇ. ಶ್ರೀರಂಗಪಟ್ಟಣ ದಾಟಿ ಊರು ಸೇರುವಷ್ಟರಲ್ಲಿ ಹದಿನಾಲ್ಕು ಉಬ್ಬು. ಆ ಸಂಖ್ಯೆ ರಘುವಿಗೆ ಬಾಯಿಪಾಠವಾಗಿತ್ತು. ದಾರಿಯಲ್ಲಿ ಚೈತ್ರಾ ಎರಡು ಸಲ “ನಿಧಾನ” ಎಂದಿದ್ದರಂತೆ. ಚೈತ್ರಾಗೆ ಅದು ನೆನಪೇ ಇಲ್ಲ. ಮೈಸೂರಿಗೆ ಮರಳಿದ ಮೂರನೆಯ ದಿನ ರಕ್ತಸ್ರಾವವಾಯಿತು. ಒಂಬತ್ತನೆಯ ವಾರ. ವಿಷಯ ತಿಳಿದು ಬಂದ ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗನಿಗೆ ಒಂದೇ ಮಾತು ಹೇಳಿದ್ದರು: “ಬಸುರಿಯನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬಂದೆಯಲ್ಲಪ್ಪ.” ಆಕೆ ಬಹುಶಃ ಮರುದಿನವೇ ಅದನ್ನು ಮರೆತಿರಬಹುದು. ನೋಟ್‌ಬುಕ್ ಶುರುವಾದದ್ದು ಆ ತಿಂಗಳು.

ಗಂಡನಿಗೆ ಮಗುವೇ ಬೇಡ, ಅದಕ್ಕೆ ಕಾರನ್ನು ಅಡ್ಡ ಇಟ್ಟಿದ್ದಾರೆ ಎಂದು ಚೈತ್ರಾ ತಿಳಿದಿದ್ದರು. ಹೆಂಡತಿ ಒಳಗೊಳಗೇ ತನ್ನನ್ನು ದೂರುತ್ತಿದ್ದಾಳೆ ಎಂದು ರಘು ತಿಳಿದಿದ್ದರು. ಒಂದೇ ಮಂಚದಲ್ಲಿ ಮಲಗುವವರು.

ಇಂಥ ಕಡೆ ಸಲಹೆಗಾರರ ಸಮಾಧಾನಕ್ಕಿಂತ ವೈದ್ಯರ ಮಾತಿಗೆ ತೂಕ ಹೆಚ್ಚು. ಇಬ್ಬರೂ ಒಟ್ಟಿಗೆ ಪ್ರಸೂತಿ ತಜ್ಞರ ಬಳಿ ಹೋಗಿ, ಪ್ರಶ್ನೆಯನ್ನು ರಘುವೇ ಕೇಳಬೇಕು ಎಂದು ಕಳುಹಿಸಿದೆ. ಮೊದಲ ಮೂರು ತಿಂಗಳೊಳಗಿನ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ, ಆ ಹಂತದಲ್ಲಿ ಸ್ಕೂಟರಿನ ಕುಲುಕಾಟಕ್ಕೆ ಗರ್ಭ ಬೀಳುವುದಿಲ್ಲ, ಒಮ್ಮೆ ಹೀಗಾದವರಲ್ಲಿ ಹೆಚ್ಚಿನವರಿಗೆ ಮುಂದಿನ ಬಸಿರು ಸರಿಯಾಗಿಯೇ ಸಾಗುತ್ತದೆ ಎಂದು ವೈದ್ಯರು ವಿವರಿಸಿದರಂತೆ. ಚೈತ್ರಾಗೆ ಆಗಲೇ ಫಾಲಿಕ್ ಆ್ಯಸಿಡ್ ಮಾತ್ರೆ ಬರೆದುಕೊಟ್ಟರು. ರಘು ಅದೇ ಪ್ರಶ್ನೆಯನ್ನು ಮಾತು ಬದಲಿಸಿ ಮೂರು ಸಲ ಕೇಳಿದರು, ಮೂರು ಸಲವೂ ವೈದ್ಯರು ತಾಳ್ಮೆಯಿಂದ ಉತ್ತರಿಸಿದರು ಎಂದು ಚೈತ್ರಾ ಹೇಳಿದರು.

ಆಮೇಲೆ ನಾನು ಕೊಟ್ಟ ಸಲಹೆ ಹೀಗಿತ್ತು. ಕಾರು ಮತ್ತು ಮಗು ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ. ಮಗುವಿನ ವಿಷಯ ನಿಮ್ಮಿಬ್ಬರದು ಮತ್ತು ವೈದ್ಯರದು, ಕಾರಿನ ವಿಷಯ ನಿಮ್ಮಿಬ್ಬರದು ಮತ್ತು ಬ್ಯಾಂಕಿನದು. ಅಲ್ಲಿಯವರೆಗೆ ಊರಿಗೆ ಹೋಗಲು ಪಾಂಡವಪುರದವರೆಗೆ ರೈಲಿದೆ, ಬಾಡಿಗೆ ಕಾರಿದೆ. ಅಪರಾತ್ರಿಯಲ್ಲಿ ಆಸ್ಪತ್ರೆಗೆ ಹೋಗಬೇಕಾದರೆ 108 ಇದೆ. ವೈದ್ಯರು ಹೇಳಿದ್ದನ್ನು ತಾಯಿಗೆ ತಿಳಿಸಬೇಕಾದದ್ದು ಮಗ, ಸೊಸೆಯಲ್ಲ. ಸೊಸೆ ಹೇಳಿದರೆ ಅದು ಎದುರುತ್ತರವಾಗುತ್ತದೆ. ಷೋರೂಮಿನ ಮೆಟ್ಟಿಲು ಹತ್ತುವ ಮೊದಲು ಕಂತಿನ ಮಿತಿಯನ್ನು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಆ ಮಿತಿ ಒಂದೇ ಸಂಬಳದ ಮೇಲೆ ನಿಂತಿರಲಿ.

ಇನ್ನೊಂದು ಕೆಲಸ ಹಚ್ಚಿದೆ, ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಗೊತ್ತಿದ್ದವರ ಮನೆಯಿಂದ ಕೂಸಿನ ಕಾರ್ ಸೀಟು ಮತ್ತು ಮಡಚುವ ತಳ್ಳುಗಾಡಿ ಕೇಳಿ ತನ್ನಿ, ಟೆಸ್ಟ್ ಡ್ರೈವ್‌ಗೆ ಅವನ್ನೂ ಒಯ್ಯಿರಿ ಎಂದೆ. ಹಸುಗೂಸಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು, ಅದರ ಜಾಗ ಹಿಂದಿನ ಸಾಲಿನಲ್ಲಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಅದನ್ನು ಕೂರಿಸಲೇಬಾರದು. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗುವುದು ನಮ್ಮಲ್ಲಿ ರೂಢಿ. 2019ರ ತಿದ್ದುಪಡಿಯ ನಂತರ ಹದಿನಾಲ್ಕರೊಳಗಿನ ಮಗುವಿಗೆ ಬೆಲ್ಟ್ ಅಥವಾ ತಕ್ಕ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡವಿದೆ. ದಂಡ ಹೋಗಲಿ, ಗಾಡಿ ಗಕ್ಕನೆ ನಿಂತಾಗ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವಷ್ಟು ಬಲವಿರುವುದಿಲ್ಲ.

ಎರಡು ಶನಿವಾರ ಅವರು ಆ ಸೀಟನ್ನು ಹೊತ್ತು ಷೋರೂಮುಗಳನ್ನು ಸುತ್ತಿದರು. ಮಾರಾಟಗಾರರು ಮಗು ಎಲ್ಲಿ ಎಂದು ಕೇಳಿದರೆ “ದಾರಿಯಲ್ಲಿದೆ” ಎಂದು ಚೈತ್ರಾ ನಗುತ್ತಿದ್ದರಂತೆ. ಏಳು ಸೀಟಿನ ಗಾಡಿಯಲ್ಲಿ ಕೊನೆಯ ಸಾಲು ಎತ್ತಿ ನಿಲ್ಲಿಸಿದರೆ ಹಿಂದೆ ಉಳಿದದ್ದು ಒಂದು ಬ್ಯಾಗಿನ ಜಾಗ, ತಳ್ಳುಗಾಡಿ ಹೊರಗೇ ಉಳಿಯಿತು. ಒಂದು ಸಣ್ಣ ಕಾರಿನಲ್ಲಿ ಕೂಸಿನ ಸೀಟು ಕೂರಿಸಲು ಮುಂದಿನ ಸೀಟನ್ನು ಎಳೆಯಬೇಕಾಗಿ ಬಂದು ಆರಡಿಯ ರಘುವಿನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು. ಸಿಎನ್‌ಜಿ ಮಾದರಿಯೊಂದು ಮೈಲೇಜಿನಲ್ಲಿ ಗೆದ್ದು ಡಿಕ್ಕಿಯಲ್ಲಿ ಸೋತಿತು, ಸಿಲಿಂಡರ್ ಅಷ್ಟು ಜಾಗ ತಿಂದಿತ್ತು. ಐಸೋಫಿಕ್ಸ್ ಎಂದರೆ ಕೂಸಿನ ಸೀಟನ್ನು ಸಿಕ್ಕಿಸಲು ಕಾರಿನ ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಸಿಗುವ ಎರಡು ಕಬ್ಬಿಣದ ಕೊಂಡಿ ಎಂದು ಇಬ್ಬರಿಗೂ ಗೊತ್ತಾಯಿತು. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಒಂದು ಅಂಕ, ಮಕ್ಕಳ ಸುರಕ್ಷತೆಗೆ ಇನ್ನೊಂದು ಅಂಕ ಕೊಡುತ್ತಾರೆ ಎಂಬುದನ್ನು ರಘುವೇ ನನಗೆ ತೋರಿಸಿದರು. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಹೊಸ ಕಾಲಂ ಸೇರಿತ್ತು.

ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಕಾದದ್ದು ಒಳ್ಳೆಯದೇ ಆಯಿತಲ್ಲ ಎಂದು ರಘು ಹೇಳಿದಾಗ ಚೈತ್ರಾ ನಕ್ಕರು. ನಾನು ನಗಲಿಲ್ಲ. ತಂದೆಯನ್ನು ಒಪ್ಪಿಸಿದ್ದು ಮಾತ್ರ ತೆರಿಗೆ. ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ ಆಜೀವ ತೆರಿಗೆ ಶೇಕಡಾ 14ರಿಂದ 17ಕ್ಕೆ ಏರುತ್ತದೆ, ಅದರ ಮೇಲೆ ಸೆಸ್ ಬೇರೆ. ಹದಿನಾರು ಲಕ್ಷದ ಗಾಡಿಗೆ ಎರಡೂಮುಕ್ಕಾಲು ಲಕ್ಷ ಬರೀ ತೆರಿಗೆ ಎಂದು ಕೇಳಿದ ಕೂಡಲೇ ಯಜಮಾನರು, “ಅಷ್ಟರಲ್ಲಿ ಒಂದು ಜೊತೆ ಒಳ್ಳೆಯ ಎತ್ತು ಬರುತ್ತವೆ, ಬೇಡ ಬಿಡು” ಎಂದು ತಮ್ಮ ಪಾಲಿನ ಒಂದೂವರೆ ಲಕ್ಷವನ್ನು ಸಣ್ಣ ಕಾರಿಗೇ ಕೊಟ್ಟರು.

ದೀಪಾವಳಿಗೆ ಐದು ಸೀಟಿನ ಪೆಟ್ರೋಲ್ ಕಾರು ಬಂತು, ಆರು ಲಕ್ಷ ಸಾಲದಲ್ಲಿ. ಯಾವ ಕಂಪನಿಯದೆಂದು ಬರೆಯುವುದಿಲ್ಲ. ಅವರ ಓಟಕ್ಕೆ, ರಘುವಿನ ಎತ್ತರಕ್ಕೆ ಹೊಂದಿದ್ದು ನಿಮಗೆ ಹೊಂದಬೇಕೆಂದಿಲ್ಲ.

ಕೊನೆಯ ಭೇಟಿಯಲ್ಲಿ ನಾನೇ ಒಂದು ಪ್ರಶ್ನೆ ಕೇಳಿದೆ. ಅದನ್ನು ಮೊದಲೇ ಕೇಳಬೇಕಿತ್ತು, ನನಗೂ ಹೊಳೆದಿರಲಿಲ್ಲ. ಕಾರು ಬೇಕಾದದ್ದು ಅವಸರದ ಹೊತ್ತಿಗೆ. ರಘು ರಾತ್ರಿ ಪಾಳಿಯಲ್ಲಿದ್ದಾಗ ಅವಸರ ಬಂದರೆ ಓಡಿಸುವವರು ಯಾರು? ಚೈತ್ರಾಗೆ ಸ್ಕೂಟರ್ ಬರುತ್ತಿತ್ತು, ಕಾರು ಬರುತ್ತಿರಲಿಲ್ಲ. ಇಬ್ಬರೂ ಸುಮ್ಮನಾದರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಏನೋ ಮಾತನಾಡಿಕೊಂಡದ್ದು ಕಿಟಕಿಯಿಂದ ಕಾಣಿಸಿತು.

ಒಂದೂವರೆ ತಿಂಗಳ ಮೇಲೆ ಚೈತ್ರಾ ಫೋನ್ ಮಾಡಿದರು. ಡ್ರೈವಿಂಗ್ ಶಾಲೆಗೆ ಸೇರಿದ್ದರು. ಯಾದವಗಿರಿಯ ಏರಿನಲ್ಲಿ ಕಾರು ಮೂರು ಸಲ ನಿಂತುಹೋಯಿತಂತೆ, ಹಿಂದಿನಿಂದ ಬಸ್ಸಿನವನು ಒಂದೇ ಸಮನೆ ಹಾರನ್ ಒತ್ತುತ್ತಿದ್ದನಂತೆ. ಅಂದು ರಘುವೂ ಜೊತೆಗೆ ಹೋಗಿದ್ದರು. ಹಿಂದಿನ ಸೀಟಿನಲ್ಲಿ, ಎಡಗಡೆ, ಕೈ ಕಟ್ಟಿಕೊಂಡು ಕುಳಿತಿದ್ದರು. ಏರು ಮುಗಿಯುವವರೆಗೂ ಒಂದು ಮಾತೂ ಆಡಲಿಲ್ಲವಂತೆ.