ಮೇಲಿನ ಮನೆಯವರ ಬಾತ್‌ರೂಮಿನಿಂದ ನಮ್ಮ ಸೀಲಿಂಗಿಗೆ ನೀರು ಸೋರುತ್ತಿದೆ, ಹೇಳಿದರೆ ಜಗಳಕ್ಕೆ ಬರುತ್ತಾರೆ. ಏನು ಮಾಡಲಿ?

ನೀವು ಬರೆದದ್ದರಿಂದ ನನಗೆ ತಿಳಿದದ್ದು ಇಷ್ಟು: ಬೆಂಗಳೂರಿನಲ್ಲಿ ಒಂಬತ್ತು ವರ್ಷ ಹಳೆಯ ಅಪಾರ್ಟ್‌ಮೆಂಟ್, ಸ್ವಂತ ಮನೆ. ಮೂರು ತಿಂಗಳಿಂದ ಬಾತ್‌ರೂಮಿನ ಸೀಲಿಂಗ್ ತೇವ. ಎರಡು ಸಲ ಮೇಲೆ ಹೋಗಿ ಮಾತಿಗೆ ಮಾತು ಬೆಳೆದಿದೆ, ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ದೀರಿ, ಅವರು "ನಮ್ಮ ಮನೇಲಿ ಎಲ್ಲ ಸರಿಯಾಗಿದೆ" ಅಂದಿದ್ದಾರೆ. ಕೊನೆಗೆ "ತಪ್ಪು ಅವರದು, ನಾನ್ಯಾಕೆ ಓಡಾಡಬೇಕು?" ಅಂತ ಕೇಳಿದ್ದೀರಿ.

ಓಡಾಡಬೇಕಾದವರು ನೀವೇ, ಯಾಕೆಂದರೆ ಸೋರುತ್ತಿರುವುದು ನಿಮ್ಮ ಸೀಲಿಂಗು. ಅವರ ಕಣ್ಣಿಗೆ ಅವರ ಬಾತ್‌ರೂಮು ನಿಜವಾಗಿಯೂ ಸರಿಯಾಗೇ ಕಾಣುತ್ತದೆ: ಟೈಲ್ಸ್ ಒಣಗಿದೆ, ನೀರು ಹರಿದು ಹೋಗುತ್ತಿದೆ. ಖರ್ಚು ಯಾರದು ಅನ್ನುವುದು ಆಮೇಲಿನ ಮಾತು. ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆಹಚ್ಚುವ ಕೆಲಸ ಮಾತ್ರ ನಿಮ್ಮದು, ಅದು ಆಗುವ ತನಕ ಈ ಜಗಳಕ್ಕೆ ಬುಡವೇ ಇಲ್ಲ.

ಮೊದಲು ಕರೆಂಟು. ಒದ್ದೆಯಾದ ಜಾಗದಲ್ಲಿ ಲೈಟ್ ಪಾಯಿಂಟ್ ಇದ್ದರೆ ಆ ಲೈನಿನ ಎಂಸಿಬಿ (ಮೀಟರ್ ಬೋರ್ಡಿನ ಸ್ವಿಚ್ಚು) ಇವತ್ತೇ ಆಫ್ ಮಾಡಿ. ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಪದೇಪದೇ ಟ್ರಿಪ್ ಆಗುತ್ತಿದ್ದರೆ ಅದನ್ನು ಬೈಪಾಸ್ ಮಾಡಿಸಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ.

ಆಮೇಲೆ ತೇವದ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ಗೆರೆ, ಒಂದು ಫೋಟೋ. ಹನಿ ಬೀಳುತ್ತಿದ್ದರೆ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿ ಹನಿ ಎಣಿಸಿ: ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಒಮ್ಮೆ, ನಡುರಾತ್ರಿ ಒಮ್ಮೆ. ಒಂದು ವಾರ ಹೀಗೆ ಮಾಡಿದರೆ ಅರ್ಧ ಉತ್ತರ ಸಿಕ್ಕಿರುತ್ತದೆ. ಹಗಲು ರಾತ್ರಿ ಒಂದೇ ಸಮ ಹನಿ ಬಿದ್ದರೆ ಗೋಡೆಯೊಳಗಿನ ನೀರಿನ ಲೈನು ಒಡೆದಿರುವ ಅನುಮಾನ. ಬಳಸಿದ ಹೊತ್ತಿಗೆ ಜಾಸ್ತಿಯಾಗಿ ಆಮೇಲೆ ಇಳಿದರೆ ನಹಾನಿ ಟ್ರ್ಯಾಪ್ (ಬಾತ್‌ರೂಮಿನ ನೆಲದ ನೀರು ಇಳಿಯುವ ಜಾಲರಿಯ ಬಾಯಿ) ಅಥವಾ ಕಮೋಡಿನ ಪೈಪಿನ ಜಾಯಿಂಟು. ಹನಿಯಿಲ್ಲದೆ ತೇವ ಮಾತ್ರ ಮೆಲ್ಲಗೆ ಹರಡುತ್ತಿದ್ದು, ಮೇಲಿನವರು ಊರಿಗೆ ಹೋದಾಗ ಕಡಿಮೆಯಾದರೆ ವಾಟರ್‌ಪ್ರೂಫಿಂಗ್ ಹೋಗಿದೆ, ಇಲ್ಲವೇ ಟೈಲ್ಸ್ ಸಂದಿ ಬಿಟ್ಟಿದೆ. ಮಳೆ ಬಂದಾಗ ಮಾತ್ರ ಕಾಣಿಸಿದರೆ ಹೊರಗೋಡೆಯ ಬಿರುಕು; ಆಗ ಅದು ಸಾಮಾನ್ಯವಾಗಿ ಅಸೋಸಿಯೇಷನ್ ಕೆಲಸ, ಮೇಲಿನವರನ್ನು ಬೈದದ್ದೆಲ್ಲ ದಂಡ. ನಿಮ್ಮದೇ ಗೀಸರಿನ ಪೈಪು ಸೀಲಿಂಗಿನ ಹತ್ತಿರ ಹಾದುಹೋಗಿದೆಯಾ ಅಂತಲೂ ನೋಡಿಕೊಳ್ಳಿ.

ಇಷ್ಟು ಕೈಯಲ್ಲಿದ್ದಾಗ ಮೇಲೆ ಹೋಗಿ. ಬೆಳಿಗ್ಗೆ ಎಂಟು ಗಂಟೆಯ ಗಡಿಬಿಡಿಯಲ್ಲಿ ಬೇಡ, ಭಾನುವಾರ ಹನ್ನೊಂದರ ಹೊತ್ತಿಗೆ ಒಳ್ಳೆಯದು. ಗ್ರೂಪಿನಲ್ಲಿ ಹಾಕಿದ ಫೋಟೋವನ್ನು ಹೋಗುವ ಮೊದಲೇ ಅಳಿಸಿ. ಇನ್ನೂರು ಮನೆಯವರ ಮುಂದೆ ಮರ್ಯಾದೆ ಹೋಯಿತು ಅನಿಸಿದ ಮನುಷ್ಯ ಪ್ಲಂಬರನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಹೇಳಬೇಕಾದ್ದು ಇಷ್ಟೇ: "ಸಾರ್, ಆವತ್ತು ಮಾತು ಜೋರಾಯ್ತು, ಬಿಟ್ಟುಬಿಡಿ. ನಿಮ್ಮ ಮನೆಯಿಂದಲೇ ಅಂತ ನಾನು ಹೇಳ್ತಿಲ್ಲ. ಒಂದೈದು ನಿಮಿಷ ಕೆಳಗೆ ಬಂದು ನೀವೇ ನೋಡಿ." ಮೊಬೈಲಿನ ಫೋಟೋ ಮಾಡದ ಕೆಲಸವನ್ನು ಆ ತಾರೀಕು ಹಾಕಿದ ಗೆರೆಗಳು ಮಾಡುತ್ತವೆ. ಅವರು ಬಂದು ನೋಡಿದ ಮೇಲೆ ಒಂದೇ ಒಂದು ಕೇಳಿ: ಪರೀಕ್ಷೆಗೆ ಅವರ ಬಾತ್‌ರೂಮು ಎರಡು ದಿನ. ಆ ಖರ್ಚು ನನ್ನದು, ರಿಪೇರಿ ಖರ್ಚು ಸೋರಿಕೆಯ ಮೂಲ ಯಾರ ಕಡೆ ಸಿಗುತ್ತದೋ ಅವರದು ಅಂತ ಮೊದಲೇ ಹೇಳಿಬಿಡಿ. ಪ್ಲಂಬರ್ ಕೂಲಿ ನೀವು ಕೊಡುವುದರಲ್ಲಿ ಸೋಲೇನಿಲ್ಲ. "ನಿಮ್ಮ ಪ್ಲಂಬರ್ ನಿಮ್ಮ ಪರ ಹೇಳ್ತಾನೆ" ಅಂದರೆ ಆಳನ್ನು ಅವರೇ ಆರಿಸಲಿ. ಮನೆಗೆ ವಾಪಸ್ ಬಂದ ಕೂಡಲೇ ಅವರೊಬ್ಬರಿಗೇ ಒಂದು ಮೆಸೇಜು: ಇವತ್ತು ಮಾತಾಡಿದ್ದು ಇದು, ಶನಿವಾರ ಪ್ಲಂಬರ್ ಬರುತ್ತಾರೆ, ಧನ್ಯವಾದ. ಮುಂದೆ ಬೇಕಾದರೆ ಇದೇ ದಾಖಲೆ.

ಮೇಲೆ ಬಾಡಿಗೆಯವರಿದ್ದರೆ ಅವರ ಹತ್ತಿರ ರೇಗಬೇಡಿ. ಒಡೆಸುವ ಅಧಿಕಾರ ಅವರಿಗಿಲ್ಲ. ಮಾಲೀಕರು ಅಮೆರಿಕದಲ್ಲಿದ್ದರೂ ಅಸೋಸಿಯೇಷನ್ ಹತ್ತಿರ ಅವರ ಇಮೇಲ್ ಇರುತ್ತದೆ, ವಿಡಿಯೋ ಸಮೇತ ಬರೆಯಿರಿ.

ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿ, ಎಲ್ಲ ಒಟ್ಟಿಗೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಮೊದಲು ನೀರಿನ ಲೈನು: ಪ್ಲಂಬರ್ ಹತ್ತಿರ ಗೇಜ್ ಇರುವ ಕೈಪಂಪು ಇರುತ್ತದೆ. ಬಾತ್‌ರೂಮಿನ ಲೈನಿಗೆ ಒತ್ತಡ ಕೊಟ್ಟು ವಾಲ್ವ್ ಮುಚ್ಚಿ ಒಂದೆರಡು ಗಂಟೆ ಬಿಟ್ಟರೆ, ಮುಳ್ಳು ಇಳಿದರೆ ಲೈನಿನಲ್ಲೇ ಲೀಕು. ನಿಂತಲ್ಲೇ ನಿಂತರೆ ಮುಂದಿನದು ಚರಂಡಿ ಪೈಪು. ನೆಲ ಒದ್ದೆ ಮಾಡದೆ ನಹಾನಿ ಟ್ರ್ಯಾಪಿನ ಬಾಯಿಗೇ ನೇರ ಹತ್ತು ಬಕೆಟ್ ನೀರು ಸುರಿಯಿರಿ, ಕೆಳಗೆ ಒಬ್ಬರು ಹನಿ ಎಣಿಸಲಿ. ಕೊನೆಯದು ನೆಲ: ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟ ಗುರುತು ಹಾಕಿ 24 ಗಂಟೆ ಬಿಡುವುದು. ಬಾಗಿಲ ಹತ್ತಿರ ಹೊಸ್ತಿಲು ತಗ್ಗಾಗಿದ್ದರೆ ನೀರು ಮನೆಯೊಳಗೆ ನುಗ್ಗುತ್ತದೆ, ಮೊದಲು ಅಲ್ಲಿ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿಸಿ. ಅಡುಗೆ ಬಣ್ಣ ಬೆರೆಸಿ ನೋಡುವ ಪದ್ಧತಿಯೂ ಇದೆ. ಕೆಳಗೆ ಬಣ್ಣ ಕಂಡರೆ ಖಾತ್ರಿ. ಕಾಣಲಿಲ್ಲ ಅಂದರೆ ಏನೂ ಸಾಬೀತಾಗಲಿಲ್ಲ, ಏಕೆಂದರೆ ಒಳಗಿನ ಇಟ್ಟಿಗೆ ಚೂರು ಬಣ್ಣ ಹೀರಿಕೊಂಡಿರಬಹುದು.

ಆ ಇಟ್ಟಿಗೆ ಚೂರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಅರ್ಧ ಜಗಳಗಳ ಮೂಲ ಅಲ್ಲೇ ಇದೆ. ನಮ್ಮ ಕಡೆಯ ಬಹಳಷ್ಟು ಕಟ್ಟಡಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು 8ರಿಂದ 12 ಇಂಚು ಕೆಳಗೆ ಇಳಿಸಿ ಕಟ್ಟುತ್ತಾರೆ, ಅದರಲ್ಲಿ ಪೈಪು ಹಾಯಿಸಿ, ಇಟ್ಟಿಗೆ ಚೂರು ಅಥವಾ ಸಿಂಡರ್ (ಸುಟ್ಟ ಕಲ್ಲಿದ್ದಲಿನ ಚೂರು) ತುಂಬಿ, ಮೇಲೆ ಟೈಲ್ಸ್ ಹಾಕುತ್ತಾರೆ. ಸೋರಿದ ನೀರು ತಿಂಗಳುಗಟ್ಟಲೆ ಆ ತೊಟ್ಟಿಯಲ್ಲಿ ತುಂಬಿಕೊಂಡು, ಸ್ಲ್ಯಾಬಿನಲ್ಲಿ ಎಲ್ಲಿ ಸಂದು ಸಿಗುತ್ತದೋ ಅಲ್ಲಿ ಇಳಿಯುತ್ತದೆ. ಹಾಗಾಗಿ ಕೆಳಗೆ ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ಅದಕ್ಕಿಂತ ಮುಖ್ಯ, ಮೇಲೆ ಸರಿಯಾಗಿ ರಿಪೇರಿ ಆದಮೇಲೂ ಎರಡು ಮೂರು ವಾರ ಕೆಳಗೆ ಹನಿ ಬೀಳಬಹುದು. "ದುಡ್ಡು ಸುರಿದು ಮಾಡಿಸಿದ್ದೀವಿ, ಇನ್ನೇನು ನಿಮ್ಮದು" ಅಂತ ಅವರು, "ಮಾಡಿಸಿದ್ದೇ ಸುಳ್ಳು" ಅಂತ ನೀವು ಕಿತ್ತಾಡುವುದು ಈ ಹೊತ್ತಿನಲ್ಲೇ. ಹನಿಯ ಲೆಕ್ಕ ವಾರದಿಂದ ವಾರಕ್ಕೆ ಇಳಿಯುತ್ತಿದೆಯಾ ಅಷ್ಟು ನೋಡಿ.

ರಿಪೇರಿಯನ್ನು ಅಗ್ಗದ್ದರಿಂದ ಶುರುಮಾಡಿಸಿ. ಟೈಲ್ಸ್ ಸಂದಿಯ ಹಳೆ ಸಿಮೆಂಟು ಕೆರೆದು ಎಪಾಕ್ಸಿ ತುಂಬುವುದು, ನಹಾನಿ ಟ್ರ್ಯಾಪಿನ ಸುತ್ತ ಒಡೆದು ಜಾಯಿಂಟ್ ಹೊಸದು ಮಾಡುವುದು, ಎರಡು ದಿನದ ಕೆಲಸ. ಅದಕ್ಕೂ ನಿಲ್ಲದಿದ್ದರೆ ಪೂರ್ತಿ ಒಡೆಯಬೇಕು: ತುಂಬಿದ್ದನ್ನೆಲ್ಲ ತೆಗೆದು, ಸ್ಲ್ಯಾಬು ತೊಳೆದು, ಗೋಡೆ ನೆಲ ಸೇರುವ ಮೂಲೆಗೆ ಗಾರೆಯಲ್ಲಿ ಗುಂಡುಮೂಲೆ ಕೊಟ್ಟು, ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಸಲ, ಎರಡನೆಯದು ಮೊದಲಿನದಕ್ಕೆ ಅಡ್ಡಡ್ಡ. ಗೋಡೆಯ ಮೇಲೂ ಕನಿಷ್ಠ ಒಂದಡಿ ಬರಲಿ. ಕೋಟಿಂಗ್ ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ ಕೆಳಗೆ ಒಣಗಿದ್ದರೆ ಮಾತ್ರ ಟೈಲ್ಸ್. ಮೇಸ್ತ್ರಿಗಳು ತಪ್ಪಿಸುವ ಹಂತ ಇದೇ. ನಿಮ್ಮ ಸೀಲಿಂಗಿನಿಂದ ತೂತು ಕೊರೆದು ಕೆಮಿಕಲ್ ಇಂಜೆಕ್ಟ್ ಮಾಡುತ್ತೇವೆ, ಮೇಲಿನವರನ್ನು ಕೇಳುವುದೇ ಬೇಡ ಅನ್ನುವವರೂ ಬರುತ್ತಾರೆ. ಮೂಲ ಹಾಗೇ ಇದ್ದರೆ ನೀರು ಎರಡಡಿ ಆಚೆ ಇಳಿಯುತ್ತದೆ.

ಪೂರ್ತಿ ಒಡೆದರೆ ಹತ್ತು ಹದಿನೈದು ದಿನ ಅವರಿಗೆ ಆ ಬಾತ್‌ರೂಮಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರು ಒಪ್ಪದಿರುವ ನಿಜವಾದ ಕಾರಣ ದುಡ್ಡಲ್ಲ, ಇದು. "ಅಷ್ಟು ದಿನ ನಮ್ಮ ಮನೆಯ ಒಂದು ಬಾತ್‌ರೂಮು ಬಳಸಿಕೊಳ್ಳಿ" ಅಂತ ಹೇಳಿ ನೋಡಿ.

ಏನೂ ಬಗ್ಗಲಿಲ್ಲ ಅಂದರೆ ಅಸೋಸಿಯೇಷನ್ನಿಗೆ ಬರವಣಿಗೆಯಲ್ಲಿ ದೂರು ಕೊಡಿ: ಗೆರೆಯ ಫೋಟೋ, ಮೆಸೇಜಿನ ಪ್ರತಿ, 15 ದಿನದ ಗಡುವು. ಬೈಲಾದಲ್ಲಿ ಮನೆಯೊಳಗಿನ ಪೈಪು ಯಾರದು, ಡಕ್ಟಿನ (ಎಲ್ಲ ಮಹಡಿಗಳ ಪೈಪು ಇಳಿಯುವ ಓಣಿಯ) ಪೈಪು ಯಾರದು ಅಂತ ಓದಿಕೊಂಡೇ ಬರೆಯಿರಿ. ಅವರ ಮನೆಯ ನೀರು ನಿಲ್ಲಿಸಿ ಅಂತ ಮಾತ್ರ ಕೇಳಬೇಡಿ, ನಿಮ್ಮ ಕೇಸೇ ಕೆಡುತ್ತದೆ. ಪೊಲೀಸರು ಸಿವಿಲ್ ವ್ಯಾಜ್ಯ ಅಂತ ವಾಪಸ್ ಕಳಿಸುತ್ತಾರೆ. ಬಿಲ್ಡರ್ ಮೇಲೆ ಹೋಗೋಣ ಅಂದರೆ, 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ರಲ್ಲಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತೋರಿಸಿದ ದೋಷಕ್ಕೆ ಮಾತ್ರ ಅವರು ಜವಾಬ್ದಾರರು, ನಿಮ್ಮದು ದಾಟಿದೆ. ಮುಂದಿನ ದಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ, ಸಹಾಯವಾಣಿ 15100. ಕೋರ್ಟಿನಲ್ಲಿ ರಿಪೇರಿ ಮಾಡಿಸುವಂತೆ ಆದೇಶ ಕೇಳಬಹುದು, ಕೋರ್ಟು ನೇಮಿಸಿದ ಕಮಿಷನರ್ ಬಂದು ಜಾಗ ನೋಡಬಹುದು. ಆದರೆ ವರ್ಷಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿಯುತ್ತಾ ಇರುತ್ತದೆ. ಹಾಗಾಗಿ ರಿಪೇರಿಯಲ್ಲಿ ಮೂರನೇ ಒಂದು ಪಾಲು ನಾನು ಹಾಕುತ್ತೇನೆ ಅಂದು ಈ ತಿಂಗಳೇ ಮುಗಿಸುವುದು ನನ್ನ ಲೆಕ್ಕದಲ್ಲಿ ಅಗ್ಗ. ಕೊಡಲೇಬೇಕು ಅಂತಲ್ಲ, ಗೊತ್ತಿದ್ದು ನಿರ್ಧಾರ ಮಾಡಿ.

ಇಷ್ಟರ ನಡುವೆ ಒಮ್ಮೆ ಕೆಳಗಿನ ಮನೆಗೂ ಹೋಗಿ ಅವರ ಸೀಲಿಂಗು ನೋಡಿ ಬನ್ನಿ. ಒಂದೇ ಬಿಲ್ಡರು, ಒಂದೇ ವರ್ಷದ ವಾಟರ್‌ಪ್ರೂಫಿಂಗು, ನಿಮ್ಮದೂ ಸೋರುತ್ತಿರಬಹುದು.

ಹನಿ ನಿಂತ ಮೇಲೂ ಪುಟ್ಟಿ, ಪೇಂಟಿಗೆ ಅವಸರ ಬೇಡ. ಉಬ್ಬಿದ ಪ್ಲಾಸ್ಟರ್ ಕೆರೆದು, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಸೀಲಿಂಗಿಗೆ ಅಂಟಿಸಿ, ಮಾರನೇ ದಿನ ಬಿಚ್ಚಿ ನೋಡಿ. ಒಳಗೆ ಬೆವರಿದ್ದರೆ ಇನ್ನೂ ಕಾಯಬೇಕು. ಕಬ್ಬಿಣ ಕಾಣುತ್ತಿದ್ದರೆ ತುಕ್ಕು ಉಜ್ಜಿಸಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿಸಿ, ರಿಪೇರಿ ಗಾರೆಯಲ್ಲಿ ಮುಚ್ಚಿಸಿ. ಪೇಂಟು ಅದಾದಮೇಲೆ.