ಬೆಣ್ಣೆ ದೋಸೆ ಊರಲ್ಲಿ ಬೆಣ್ಣೆ ಬಿಡೋದು ಹೇಗೆ?

ಪ್ರಶ್ನೆ: ನನಗೆ 24 ವರ್ಷ, ತೂಕ 52 ಕೆ.ಜಿ. ದಾವಣಗೆರೆಯ ವಿದ್ಯಾನಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ನಮ್ಮದು ಮೊದಲಿಂದಲೂ ಸಸ್ಯಾಹಾರಿ ಮನೆ. ಒಂದು ತಿಂಗಳು ವೀಗನ್ ಆಗಿ ನೋಡೋಣ ಅಂತ ಮನಸ್ಸಾಗಿದೆ. ಅಂದರೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಇಲ್ಲ. ಅಮ್ಮ ಮಾತ್ರ "ಮೊಸರೂ ಬಿಟ್ಟರೆ ಮೂಳೆ ಸವೀತಾವೆ, ನಾಳೆ ಮದುವೆ ಆಗೋ ಹುಡುಗಿ" ಅಂತ ದಿನಾ ಗಲಾಟೆ. ನಿಜಕ್ಕೂ ಶಕ್ತಿ ಕಡಿಮೆ ಆಗುತ್ತಾ? ಏನು ತಿನ್ನಲಿ? ಗೆಳತಿಯರ ಜೊತೆ ಹೊರಗೆ ಹೋದಾಗ ದೋಸೆ ಬಿಟ್ಟು ಕೂರೋದು ಹೇಗೆ?

ಉತ್ತರ: ದೋಸೆಯಿಂದಲೇ ಶುರು ಮಾಡೋಣ. ನಮ್ಮೂರಿನ ಬೆಣ್ಣೆ ದೋಸೆಯ ಹಿಟ್ಟಿನಲ್ಲಿ ಅಕ್ಕಿ, ಉದ್ದು ಇರುತ್ತೆ, ಮೆದುವಾಗಲಿ ಅಂತ ಮಂಡಕ್ಕಿಯನ್ನೂ ರುಬ್ಬಿ ಸೇರಿಸುತ್ತಾರೆ. ಹಿಟ್ಟಿನ ತನಕ ಎಲ್ಲ ವೀಗನ್ನೇ. ಕಾವಲಿ ಮೇಲೆ ಬೀಳುವ ಆ ಬೆಣ್ಣೆ ಮುದ್ದೆಯೇ ತಕರಾರು. "ಬೆಣ್ಣೆ ಬ್ಯಾಡ, ಎಣ್ಣೆ ಹಾಕ್ರಿ" ಅಂದರೆ ಹಾಕಿಕೊಡುತ್ತಾರೆ. ಭಟ್ಟರು ಒಮ್ಮೆ ನಿಮ್ಮ ಮುಖ ನೋಡಬಹುದು, ಅಷ್ಟೇ. ಪಲ್ಯದ ಮೇಲೂ ಒಂದು ಚೂರು ಬೆಣ್ಣೆ ಇಡುವ ರೂಢಿ ಇದೆ, ಅದನ್ನೂ ಮೊದಲೇ ಹೇಳಿ. ಚಟ್ನಿಗೆ ಮೊಸರು ಬಿದ್ದಿದೆಯಾ ಅಂತ ಕೇಳಿ. ಇನ್ನು ಕಾವಲಿ ಒಂದೇ ಇರುತ್ತೆ. ಹಿಂದಿನ ದೋಸೆಯ ಬೆಣ್ಣೆ ಸ್ವಲ್ಪ ಅಂಟೇ ಅಂಟುತ್ತೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅನ್ನೋದು ನನ್ನ ಮಾತು. ನೀವು ಒಂದು ತಿಂಗಳ ಪ್ರಯೋಗ ಮಾಡುತ್ತಿದ್ದೀರಿ, ಮಡಿ ಮಾಡುತ್ತಿಲ್ಲ. ಹಾಲಿನ ಅಲರ್ಜಿ ಇರುವವರ ಮಾತು ಬೇರೆ, ಅವರು ಆ ಕಾವಲಿಯ ಹತ್ತಿರವೂ ಹೋಗಬಾರದು.

ಖಾರ ಮಂಡಕ್ಕಿ, ಮಿರ್ಚಿಗೆ ಯಾವ ಅಡ್ಡಿಯೂ ಇಲ್ಲ. ಮಂಡಕ್ಕಿ, ಎಣ್ಣೆ, ಈರುಳ್ಳಿ, ಹುರಿಗಡಲೆ ಪುಡಿ, ಕಡಲೆ ಹಿಟ್ಟು. ಇದರಲ್ಲಿ ಹಸು ಎಮ್ಮೆಗೆ ಕೆಲಸವೇ ಇಲ್ಲ. ಹಾಗಂತ ದಿನಾ ಸಂಜೆ ನಾಲ್ಕು ಮಿರ್ಚಿ ತಿಂದು "ನಾನು ವೀಗನ್" ಅಂದರೆ ನಾನು ಒಪ್ಪಲ್ಲ.

ವೀಗನ್ ಅನ್ನೋ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಮಾಂಸ ಬಿಟ್ಟವರಲ್ಲೇ ಕೆಲವರು ಹಾಲು, ಮೊಟ್ಟೆಯೂ ಬೇಡ ಅಂತ ಹೊರಟರು. ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಅದಕ್ಕೊಂದು ಸಂಘ ಕಟ್ಟಿ ಈ ಹೆಸರಿಟ್ಟರು. ಅಲ್ಲಿನ ಊಟದಲ್ಲಿ ಇಷ್ಟೆಲ್ಲ ಬಿಟ್ಟರೆ ತಟ್ಟೆ ಖಾಲಿ. ನಮ್ಮ ಕಡೆ ಹಾಗಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಪುಡಿ, ರಾಗಿ ಮುದ್ದೆ, ಬಸ್ಸಾರು, ಹುರುಳಿ ಸಾರು, ಉಪ್ಪಿಟ್ಟು, ಚಿತ್ರಾನ್ನ. ನಿನ್ನೆ ನಿಮ್ಮ ಅಮ್ಮ ಮಾಡಿದ ಅಡುಗೆಯನ್ನು ನೆನಪು ಮಾಡಿಕೊಳ್ಳಿ. ಮುಕ್ಕಾಲು ಪಾಲು ವೀಗನ್ನೇ ಇರುತ್ತೆ, ಅವರಿಗೆ ಗೊತ್ತಿಲ್ಲ ಅಷ್ಟೇ. ನೀವು ಬಿಡಬೇಕಾದ್ದು ನಾಲ್ಕು: ಚಹಾದ ಹಾಲು, ಊಟದ ಕೊನೆಯ ಮೊಸರು, ಬಿಸಿ ಅನ್ನದ ಮೇಲಿನ ತುಪ್ಪ, ದೋಸೆಯ ಬೆಣ್ಣೆ.

ಇದರಲ್ಲಿ ಯಾವುದು ಕಷ್ಟ? ನಾನೂ ಒಮ್ಮೆ ಒಂದು ತಿಂಗಳು ಅಂತ ಹೊರಟಿದ್ದೆ. ಹನ್ನೊಂದನೇ ದಿನ ಬಿದ್ದೆ. ಯಾರದೋ ಮನೆಯಲ್ಲಿ ಚಹಾ ತಂದಿಟ್ಟರು, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಮಾರನೇ ದಿನ ಮತ್ತೆ ಶುರು ಮಾಡಿದೆ. ನಿಮಗೂ ಹೀಗಾದರೆ ಎಲ್ಲ ಹಾಳಾಯಿತು ಅಂತ ಕೈಬಿಡಬೇಡಿ. ಮನೆಗೆ ಹೋಗುವ ಮೊದಲೇ ಫೋನಿನಲ್ಲಿ "ನನಗೆ ನಿಂಬೆಹಣ್ಣಿನ ಚಹಾ ಸಾಕು" ಅಂತ ಹೇಳಿಬಿಡಿ. ಮನೆಯ ಚಹಾಕ್ಕೆ ಸೋಯಾ ಹಾಲು ಬಳಸುವುದಾದರೆ, ಕುದಿಯುವ ಚಹಾಕ್ಕೆ ಬಿದ್ದರೆ ಅದು ಒಡೆದು ಚೂರು ಚೂರಾಗುವುದುಂಟು. ಹಾಲು ಬೇರೆ ಬಿಸಿ ಮಾಡಿ, ಲೋಟಕ್ಕೆ ಮೊದಲು ಅದನ್ನು ಹಾಕಿ, ಮೇಲೆ ಚಹಾ ನಿಧಾನಕ್ಕೆ ಸುರಿದರೆ ಎಷ್ಟೋ ವಾಸಿ.

ಈಗ ಅಮ್ಮನ ಮೂಳೆ ಮಾತಿಗೆ ಬರೋಣ. ಅದು ಸುಮ್ನೆ ಹೆದರಿಕೆಯಲ್ಲ. ನೀವು ದಿನಕ್ಕೆ ಎರಡು ಲೋಟ ಚಹಾ, ಒಂದು ಬಟ್ಟಲು ಮೊಸರು ತಗೊಳ್ಳುತ್ತೀರಿ ಅಂತಿಟ್ಟುಕೊಳ್ಳಿ. ಎಲ್ಲ ಸೇರಿ ಸುಮಾರು 300 ಮಿ.ಲೀ. ಹಾಲು. ನೂರು ಮಿ.ಲೀ. ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ. ಅಂದರೆ 350 ಮಿಲಿಗ್ರಾಂ ಆಸುಪಾಸು ಹೋಯಿತು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಹೋದದ್ದನ್ನು ತುಂಬೋಕೆ ನಮ್ಮಲ್ಲಿ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಎಂಬತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆ, ಜೊತೆಗೆ ನುಗ್ಗೆ ಸೊಪ್ಪಿನ ಪಲ್ಯ, ಮೇಲೊಂದು ಚಮಚ ಎಳ್ಳಿನ ಪುಡಿ. ಲೆಕ್ಕ ಸರಿಹೋಯಿತು, ಅಲ್ವಾ? ದಾವಣಗೆರೆಯವರು ರೊಟ್ಟಿ ಜನ, ಮುದ್ದೆ ಅಂದರೆ ಮೂಗು ಮುರಿಯುತ್ತಾರೆ. ರಾಗಿ ರೊಟ್ಟಿ ಮಾಡಿ, ರಾಗಿ ದೋಸೆ ಹುಯ್ಯಿರಿ, ಅಂಬಲಿ ಕುಡೀರಿ. ಪಾಲಕ್ ಮಾತ್ರ ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡಲ್ಲ.

ಪ್ರೋಟೀನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಮ್ಮ ತೂಕಕ್ಕೆ ದಿನಕ್ಕೆ 43 ಗ್ರಾಂ ಸಾಕು. ಎರಡು ಜೋಳದ ರೊಟ್ಟಿಯಲ್ಲಿ ಹತ್ತು ಗ್ರಾಂ, ಐವತ್ತು ಗ್ರಾಂ ತೊಗರಿಬೇಳೆಯಲ್ಲಿ ಹನ್ನೊಂದು, ಒಂದು ಹಿಡಿ ಶೇಂಗಾದಲ್ಲಿ ಏಳು, ಒಂದು ಬಟ್ಟಲು ಹುರುಳಿ ಅಥವಾ ಕಡಲೆ ಕಾಳಿನಲ್ಲಿ ಎಂಟು, ಉಳಿದದ್ದು ಅನ್ನ, ತಿಂಡಿಯಿಂದ. ಕಾಗದದ ಮೇಲೆ ಸುಲಭ. ಆದರೆ ನನ್ನ ಹತ್ತಿರ ಬರುವವರಲ್ಲಿ ನಾನು ನೋಡುವ ತಪ್ಪು ಒಂದೇ: ಸಾರು ತಿಳಿ. ಐದು ಜನರ ಮನೆಯಲ್ಲಿ ಒಂದು ಹಿಡಿ ಬೇಳೆ ಬೇಯಿಸಿ, ಅದಕ್ಕೆ ಎರಡು ಚೊಂಬು ನೀರು. ಬೇಳೆಯೆಲ್ಲ ಪಾತ್ರೆಯ ತಳದಲ್ಲಿ ಕೂತಿರುತ್ತೆ, ಬಡಿಸುವುದು ಮೇಲಿನ ನೀರು. ಹಾಲು ಮೊಸರು ಇದ್ದಾಗ ಈ ಕೊರತೆ ಕಾಣಲ್ಲ. ಅವು ಹೋದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಕೈಕಾಲು ಸೋಲುತ್ತೆ, ಆಗ "ವೀಗನ್ ನಮಗೆ ಆಗಿಬರಲ್ಲ" ಅನ್ನುತ್ತೇವೆ. ಸೌಟನ್ನು ತಳಮುಟ್ಟ ಹಾಕಿ ಬಡಿಸಿಕೊಳ್ಳಿ.

ಊಟದ ಜೊತೆಗೆ ನಿಂಬೆರಸ ಇರಲಿ, ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತುತ್ತೆ. ಚಹಾ ಕಾಫಿ ಊಟವಾಗಿ ಒಂದು ಗಂಟೆ ಕಳೆದ ಮೇಲೆ. ಅಗಸೆ ಚಟ್ನಿ ಪುಡಿ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತೆ, ದಿನಾ ಒಂದು ಚಮಚ ತಿನ್ನಿ, ಒಮೇಗಾ-3 ಅನ್ನೋ ಒಳ್ಳೆಯ ಕೊಬ್ಬಿಗೆ ಅದು ಸಾಕಷ್ಟು ಒಳ್ಳೆಯದು.

ನಮ್ಮ ಅಡುಗೆಮನೆ ಕೊಡಲಾಗದ್ದು ಒಂದೇ ಒಂದು: ರಕ್ತಕ್ಕೂ ನರಕ್ಕೂ ಬೇಕಾದ ವಿಟಮಿನ್ ಬಿ12. ಗಿಡದಿಂದ ಬರುವ ಯಾವ ಆಹಾರದಲ್ಲೂ ಇದು ನೆಚ್ಚಿಕೊಳ್ಳುವಷ್ಟು ಇಲ್ಲ. ದೋಸೆ ಹಿಟ್ಟು ಹುಳಿ ಬಂದರೆ ಬಿ12 ಬರುತ್ತೆ, ತಂಗಳನ್ನದಲ್ಲಿ ಇದೆ ಅಂತ ವಾಟ್ಸಾಪಿನಲ್ಲಿ ಓಡಾಡುವುದನ್ನು ನಂಬಬೇಡಿ. ಯಕೃತ್ತು ಇದನ್ನು ವರ್ಷಗಟ್ಟಲೆ ಕೂಡಿಟ್ಟುಕೊಂಡಿರುತ್ತೆ. ಹಾಗಾಗಿ ಒಂದು ತಿಂಗಳಲ್ಲಿ ಏನೂ ಆಗಲ್ಲ ಅನಿಸಬಹುದು. ಆದರೆ ಮೊದಲಿಂದ ಸಸ್ಯಾಹಾರಿಗಳಾದ ನಮ್ಮಲ್ಲಿ ಬಹಳ ಜನರಿಗೆ ಆ ಕೂಡಿಟ್ಟ ಗಂಟೇ ತೆಳ್ಳಗಿರುತ್ತೆ. ಶುರು ಮಾಡುವ ಮುಂಚೆ ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ವಾಟ್ಸನ್ ಕಟ್ಟಿದ ಸಂಘ ವೀಗನ್ ಸೊಸೈಟಿ ಹೇಳುವುದು ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೆ ಒಟ್ಟು 2000 ಮೈಕ್ರೋಗ್ರಾಂ ಮಾತ್ರೆ. ನಿಮ್ಮ ರಿಪೋರ್ಟಿನಲ್ಲಿ ಮಟ್ಟ ಕಡಿಮೆ ಬಂದರೆ ಈ ಪ್ರಮಾಣ ಸಾಲದು, ಡಾಕ್ಟರ್ ಹೇಳಿದಷ್ಟು ತಗೊಳ್ಳಿ. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಪ್ರಾಣಿಯ ಜೆಲಟಿನ್‌ನಿಂದ ಮಾಡಿದ್ದು. ಮಾತ್ರೆ ಕೇಳಿ ತಗೊಳ್ಳಿ.

ಮೊಸರಿಗೆ ಬದಲಿ ಏನು ಅಂತ ನೀವು ಕೇಳಿಲ್ಲ, ಆದರೆ ಒಂದು ವಾರ ಆದಮೇಲೆ ಕೇಳೇ ಕೇಳುತ್ತೀರಿ. ಪಕ್ಕದಲ್ಲೇ ಚಳ್ಳಕೆರೆ, ಶೇಂಗಾಕ್ಕೆ ಬರವಿಲ್ಲ. ಒಂದು ಕಪ್ ಹಸಿ ಶೇಂಗಾ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಬೇರೆ ಮೂರು ಕಪ್ ನೀರಿನಲ್ಲಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವಿ, ಇದು ಹಸುವಿನ ಹಾಲಿಗಿಂತ ಬೇಗ ತಳ ಹಿಡಿಯುತ್ತೆ. ಒಂದು ಕುದಿ ಬಂದು ಸ್ವಲ್ಪ ಗಟ್ಟಿಯಾದಾಗ ಇಳಿಸಿ. ಬೆರಳು ಅದ್ದಿದರೆ ಹಿತವಾದ ಬಿಸಿ ಇರಬೇಕು. ಆಗ ತೊಳೆದು ಒರೆಸಿದ ಎಂಟು ಹತ್ತು ಹಸಿಮೆಣಸಿನಕಾಯಿ ತೊಟ್ಟುಗಳನ್ನು ಅದರಲ್ಲಿ ಮುಳುಗಿಸಿ ಮುಚ್ಚಿಡಿ. ತೊಟ್ಟಿನ ಮೇಲಿರುವ ಸೂಕ್ಷ್ಮಜೀವಿಗಳೇ ಹೆಪ್ಪು. ಬೇಸಿಗೆಯಲ್ಲಿ ಎಂಟು ಗಂಟೆಗೆ ಹೆಪ್ಪಾಗುತ್ತೆ, ಚಳಿಗಾಲದಲ್ಲಿ ತಡ. ಮೊದಲ ಸಲದ್ದು ಸುಮಾರಾಗಿರುತ್ತೆ, ನನ್ನದಂತೂ ಗೋಡೆಗೆ ಬಳಿಯುವ ಸುಣ್ಣದ ಹಾಗಿತ್ತು. ಅದರಲ್ಲೇ ಒಂದು ಚಮಚ ಉಳಿಸಿ ಮುಂದಿನ ಸಲ ಹೆಪ್ಪು ಹಾಕಿದರೆ ಚೆನ್ನಾಗಿ ಬರುತ್ತೆ. ಕೆಟ್ಟ ವಾಸನೆ ಬಂದರೆ, ಬಣ್ಣ ತಿರುಗಿದರೆ ಚೆಲ್ಲಿಬಿಡಿ. ಶುಂಠಿ, ಕರಿಬೇವು, ಉಪ್ಪು ಹಾಕಿ ಮಜ್ಜಿಗೆ ಮಾಡಿದರೆ ಚೆನ್ನ. ಮೊಸರನ್ನಕ್ಕೂ ನಡೆಯುತ್ತೆ. ಕ್ಯಾಲ್ಸಿಯಂ ಮಾತ್ರ ಇದರಲ್ಲಿ ಹಾಲಿನಷ್ಟಿಲ್ಲ, ಅದಕ್ಕೆ ರಾಗಿಯೇ ಗತಿ. ಸೋಸಿ ಉಳಿದ ಚರಟವನ್ನು ಚಟ್ನಿಗೆ ಹಾಕಿ.

ಅಂಗಡಿ ಪೊಟ್ಟಣದ ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ. ಅದು ಸಸ್ಯಾಹಾರಿ ಅಂತ ಮಾತ್ರ, ಹಾಲು ಅದರೊಳಗೇ ಬರುತ್ತೆ. ಬೇಕರಿ ಬ್ರೆಡ್ಡು, ಬಿಸ್ಕತ್ತಿನಲ್ಲಿ ಹಾಲಿನ ಪುಡಿ, ಬೆಣ್ಣೆ ಇರುವುದು ಜಾಸ್ತಿ. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಬೇರೆಯೇ ಗುರುತು ಮಾಡಿದೆ, ಹಸಿರು ಬಣ್ಣದ ಇಂಗ್ಲಿಷ್ 'ವಿ' ಅಕ್ಷರ. ಅದರ ನಿಯಮ ಬಂದದ್ದು 2022ರಲ್ಲಿ.

ಹಬ್ಬಕ್ಕೆ ಹೋಳಿಗೆ ಬಿಡಬೇಕಾಗಿಲ್ಲ. ತುಪ್ಪದ ಬದಲು ಕಾಯಿಹಾಲು ಹಾಕಿಕೊಳ್ಳಿ. ಕಣಕಕ್ಕೆ ಎಣ್ಣೆ, ಬೇಯಿಸೋದಕ್ಕೂ ಎಣ್ಣೆ. ದೇವಸ್ಥಾನದ ಪಂಚಾಮೃತ ನಿಮ್ಮ ಮನಸ್ಸಿಗೆ ಬಿಟ್ಟದ್ದು, ಅದರಲ್ಲಿ ನಾನು ಮೂಗು ತೂರಿಸಲ್ಲ. ಅಮ್ಮನ ಹತ್ತಿರ ವಾದ ಮಾಡೋದಕ್ಕಿಂತ ರಿಪೋರ್ಟು ತೋರಿಸಿ. ಶುರು ಮಾಡುವ ಮುಂಚಿನದು ಒಂದು, ಮುಂದುವರಿಸಿದರೆ ಮೂರು ತಿಂಗಳಾದ ಮೇಲೆ ಇನ್ನೊಂದು.

ಪ್ರಶ್ನೆ: ನನಗೆ 56 ವರ್ಷ, ಊರು ಚಿತ್ರದುರ್ಗ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ತಗೊಳ್ಳುತ್ತೇನೆ. ಹಾಲು ಬಿಟ್ಟರೆ ಶುಗರ್ ಇಳಿಯುತ್ತೆ ಅಂತ ಮಗ ಹೇಳುತ್ತಾನೆ. ಅಂಗಾಲು ಸ್ವಲ್ಪ ಜುಮ್ ಅನ್ನುತ್ತೆ. ಬಿಡಬಹುದಾ?

ಉತ್ತರ: ಮೊದಲು ಅಂಗಾಲಿನ ವಿಚಾರ ಸರ್. ಅದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ನಾನಾದರೆ ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ನರಕ್ಕೆ ಪೆಟ್ಟು ಬಿದ್ದರೂ ಹೀಗೇ ಆಗುತ್ತೆ, ಬಿ12 ಕಡಿಮೆಯಾದರೂ ಹೀಗೇ ಆಗುತ್ತೆ. ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡರೆ ಬಿ12 ಇಳಿಯುವುದು ಗೊತ್ತಿರುವ ವಿಷಯ. ನೀವು ಸಸ್ಯಾಹಾರಿಯಾದರೆ, ಈಗಲೇ ಹಾಲನ್ನೂ ಬಿಟ್ಟರೆ ಬಿ12ಗೆ ಇರುವ ಒಂದು ದಾರಿಯೂ ಮುಚ್ಚಿತು. ಈ ವಾರವೇ ಬಿ12 ನೋಡಿಸಿ, ಅಂಗಾಲಿನ ಮಾತನ್ನು ಡಾಕ್ಟರಿಗೆ ಹೇಳಿ. ನೀವೇ ಅಂಗಡಿಯಿಂದ ಬರೀ ಫೋಲಿಕ್ ಆಸಿಡ್ ತಂದು ನುಂಗಬೇಡಿ. ರಕ್ತ ಸರಿಯಾದಂತೆ ಕಂಡು, ನರದ ತೊಂದರೆ ಒಳಗೊಳಗೇ ಮುಂದುವರಿಯಬಹುದು.

ಶುಗರ್ ಇಳಿಯುವುದು ಹಾಲು ಬಿಟ್ಟಿದ್ದಕ್ಕಲ್ಲ, ಆ ಜಾಗಕ್ಕೆ ಏನು ಬಂತು ಅನ್ನೋದರ ಮೇಲೆ. ಮೊಸರು ಹೋಗಿ ಇನ್ನೊಂದು ಮುದ್ದೆ ಬಂದರೆ ಏರುತ್ತೆ. ಕಾಳು, ತರಕಾರಿ, ಸೊಪ್ಪು ಬಂದರೆ ಇಳಿಯಬಹುದು. ಹಾಗೆ ಇಳಿದಾಗ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು, ಅದನ್ನು ಬದಲಿಸುವವರು ಡಾಕ್ಟರು. ಮಗನೂ ಅಲ್ಲ, ನೀವೂ ಅಲ್ಲ.

ಪ್ರಶ್ನೆ: ಚಳ್ಳಕೆರೆ ಹತ್ತಿರದ ಹಳ್ಳಿ ನಮ್ಮದು, ಮನೆಯಲ್ಲಿ ಕುರಿ ಇವೆ. ಕಾಲೇಜಿನಲ್ಲಿ ವೀಗನ್ ಬಗ್ಗೆ ಕೇಳಿ ಹಾಲು, ಮಾಂಸ ಬಿಟ್ಟಿದ್ದೇನೆ. ಜೇನುತುಪ್ಪ ತಿನ್ನಬಹುದಾ? ಡಾಕ್ಟರ್ ವಿಟಮಿನ್ ಡಿ ಬರೆದುಕೊಟ್ಟಿದ್ದಾರೆ, ಅದಕ್ಕೆ ತೊಂದರೆ ಇಲ್ಲ ತಾನೇ?

ಉತ್ತರ: ಜೇನು ವೀಗನ್ ಅಲ್ಲ. ಬೆಲ್ಲ ಇದೆಯಲ್ಲ.

ಎರಡನೇ ಪ್ರಶ್ನೆ ಓದಿ ನಗು ಬಂತು. ವಿಟಮಿನ್ ಡಿ ಮಾತ್ರೆಯಲ್ಲಿ ಡಿ2, ಡಿ3 ಅಂತ ಎರಡು ಬಗೆ. ಮಾರುಕಟ್ಟೆಯಲ್ಲಿ ಸಿಗುವ ಡಿ3 ಹೆಚ್ಚಾಗಿ ತಯಾರಾಗುವುದು ಲ್ಯಾನೊಲಿನ್‌ನಿಂದ. ಲ್ಯಾನೊಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು. ಕುರಿಯ ಉಣ್ಣೆ ಕತ್ತರಿಸುವ ದಿನ ನಿಮ್ಮ ಮನೆಯವರ ಕೈಗೆಲ್ಲ ಮೆತ್ತಿಕೊಳ್ಳುತ್ತಲ್ಲ, ಅದೇ. ವೀಗನ್ ಬೇಕು ಅಂದರೆ ಡಿ2 ಇದೆ. ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಕೂಡ ಇದೆ, ಬೆಲೆ ಜಾಸ್ತಿ. ಆದರೆ ಬರೆದುಕೊಟ್ಟ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಚೀಟಿ ತಗೊಂಡು ಹೋಗಿ, ಡಿ2 ಕೊಡಬಹುದಾ ಅಂತ ಡಾಕ್ಟರನ್ನೇ ಕೇಳಿ. ಅಲ್ಲಿಯ ತನಕ ಈಗಿರುವುದನ್ನೇ ನುಂಗಿ.