ಗೋಲ್ ಲೈನ್ ಹತ್ತಿರ ಬಂದ ಕೂಡಲೇ ನಮ್ಮ ತಂಡ ಹೆದರುತ್ತದೆ, ಏನು ಮಾಡಬಹುದು?

ನಿಮ್ಮ ಮಗ ಆಡುವ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ತಂಡ ಮೈದಾನದ ನಡುವೆ ಚೆನ್ನಾಗಿಯೇ ಆಡುತ್ತದೆ, ಗೋಲ್ ಲೈನ್‌ಗೆ 5 ಯಾರ್ಡ್ ಹತ್ತಿರ ಬಂದರೆ ಮಾತ್ರ ಮೂರು ಸಲ ನಡುವೆ ನುಗ್ಗಿ ನಾಲ್ಕನೇ ಸಲ ಫೀಲ್ಡ್ ಗೋಲ್ ಒದೆಯುತ್ತದೆ ಎಂದು ಬರೆದಿದ್ದೀರಿ. ಕೋಚ್ ನಿಮ್ಮನ್ನು ಸಹಾಯಕ್ಕೆ ಕರೆದಿದ್ದಾರೆ, ಪಾಸ್ ಜಾಸ್ತಿ ಮಾಡಿ ಅಂತ ಹೇಳಲಾ ಎಂದು ಕೇಳಿದ್ದೀರಿ.

ಪಾಸ್ ವಿಷಯ ಆಮೇಲೆ ಎತ್ತಿ. ಮೊದಲು ಒಂದೇ ಒಂದು ತೀರ್ಮಾನ ಮಾಡಿಸಿ: ಅಲ್ಲಿಗೆ ಬಂದ ಮೇಲೆ ನಾಲ್ಕು ಡೌನ್ ಆಡುತ್ತೇವೆ. ಅದನ್ನು ನಾಲ್ಕನೇ ಡೌನ್ ಬಂದಾಗ ಯೋಚಿಸುವುದಲ್ಲ, ಮೊದಲ ಡೌನಿಗೆ ಮುಂಚೆಯೇ ತೀರ್ಮಾನ ಆಗಿರಬೇಕು.

ನಾನು ದಾವಣಗೆರೆಯಲ್ಲಿ ಕ್ರಿಕೆಟ್ ನೋಡಿ ಬೆಳೆದವನು. ಈಗ ಒಹಾಯೋದಲ್ಲಿದ್ದೇನೆ, ಇಲ್ಲಿನ ಒಂದು ಹೈಸ್ಕೂಲ್ ತಂಡಕ್ಕೆ ಪಂದ್ಯದ ವಿಡಿಯೋ ನೋಡಿ ಟಿಪ್ಪಣಿ ಮಾಡಿಕೊಡುತ್ತೇನೆ. ಈ ಆಟ ಗೊತ್ತಿಲ್ಲದೆ ಓದುತ್ತಿರುವವರಿಗೆ ಎರಡು ಮಾತು. 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ, ಅದನ್ನೇ ಡೌನ್ ಎನ್ನುತ್ತಾರೆ. ಚೆಂಡು ಗೋಲ್ ಲೈನ್ ಆಚೆಗಿನ ಎಂಡ್ ಜೋನ್‌ಗೆ ಹೋದರೆ ಟಚ್‌ಡೌನ್, 6 ಅಂಕ, ಅದರ ಮೇಲೆ ಒಂದು ಕಿಕ್‌ಗೆ 1. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ.

ನಿಮ್ಮ ಕೋಚ್ ತಲೆಯಲ್ಲಿ ಈಗ ಇರುವುದು ಮೂರೇ ಡೌನ್. ನಾಲ್ಕನೆಯದನ್ನು ಕಿಕ್ಕರ್‌ಗೆ ಬರೆದುಕೊಟ್ಟಿದ್ದಾರೆ. ಇದರಿಂದ ಏನಾಗುತ್ತದೆ ನೋಡಿ. 5 ಯಾರ್ಡಿನಿಂದ ಮೊದಲ ಓಟಕ್ಕೆ 1 ಯಾರ್ಡ್ ಸಿಕ್ಕಿತು, ಎರಡನೆಯದಕ್ಕೂ 1. ಈಗ ಮೂರನೇ ಡೌನ್, 3 ಯಾರ್ಡ್ ಬಾಕಿ. ಮೂರೇ ಡೌನ್ ಅಂದುಕೊಂಡವರಿಗೆ ಒಂದೇ ಏಟಿಗೆ 3 ಯಾರ್ಡ್ ಬೇಕು, ನಡುವಿನ ಓಟದಲ್ಲಿ ಅದು ಸಿಗುವುದು ಕಷ್ಟ, ಪಾಸ್ ಎಸೆಯಲು ಧೈರ್ಯ ಇಲ್ಲ, ಹಾಗಾಗಿ ಸುಮ್ನೆ ಒಂದು ಓಟ ಓಡಿ ಕಿಕ್ಕರ್‌ನನ್ನು ಕರೆಯುತ್ತಾರೆ. ಕೈಯಲ್ಲಿ ವಿಕೆಟ್ ಇಟ್ಟುಕೊಂಡು ಕೊನೆಯ ಓವರಿನಲ್ಲಿ ಬ್ಲಾಕ್ ಮಾಡುತ್ತಾ ನಿಂತ ಹಾಗೆ. ನಾಲ್ಕು ಡೌನ್ ನಮ್ಮದೇ ಅಂದುಕೊಂಡ ತಂಡಕ್ಕೆ ಅದೇ ಮೂರನೇ ಡೌನ್ ಬೇರೆ ಥರ ಕಾಣುತ್ತದೆ. 2 ಯಾರ್ಡ್ ಸಿಕ್ಕರೂ ಸಾಕು, ಮುಂದಿನದು 1 ಯಾರ್ಡಿನಿಂದ. ಆಗ ಆ ನಡುವಿನ ಓಟವೇ ಒಳ್ಳೆಯ ಪ್ಲೇ ಆಗುತ್ತದೆ. ಎದುರಿನವರಿಗೂ ಓಟವೋ ಪಾಸೋ ಗೊತ್ತಾಗುವುದಿಲ್ಲ. ಓಟವನ್ನೇ ನಂಬಿದ ಕೋಚ್‌ಗೆ ನಾಲ್ಕನೇ ಡೌನ್ ಎಲ್ಲರಿಗಿಂತ ಜಾಸ್ತಿ ಬೇಕು. ಅವರ ಹತ್ತಿರ ಮಾತು ಇಲ್ಲಿಂದಲೇ ಶುರು ಮಾಡಿ, ಏಕೆಂದರೆ ಇದರಲ್ಲಿ ಅವರ ಆಟದ ರೀತಿಯನ್ನು ತಪ್ಪು ಅಂದಂತೆ ಆಗುವುದಿಲ್ಲ.

ಇನ್ನು ಲೆಕ್ಕ. 2 ಯಾರ್ಡಿನಲ್ಲಿ ನಾಲ್ಕನೇ ಡೌನ್ ಅಂತ ಇಟ್ಟುಕೊಳ್ಳಿ. ಕಿಕ್ ಖಂಡಿತ ಹೋಗುತ್ತದೆ ಎಂದರೂ 3 ಅಂಕ. ಟಚ್‌ಡೌನ್‌ಗೆ ಹೆಚ್ಚುಕಡಿಮೆ 7. ಹಾಗಾದರೆ 7ರಲ್ಲಿ 3 ಸಲ ಗೆದ್ದರೆ ಎರಡೂ ಸಮ. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ಅಮೆರಿಕದ ವೃತ್ತಿಪರ ಲೀಗ್ ಎನ್ಎಫ್ಎಲ್‌ನ 1998ರಿಂದ 2000ದವರೆಗಿನ ಪಂದ್ಯಗಳ ಮೊದಲ ಕ್ವಾರ್ಟರ್‌ಗಳನ್ನು (ಪಂದ್ಯದ ಮೊದಲ ಕಾಲು ಭಾಗ) ತೆಗೆದುಕೊಂಡು ಈ ವಿಷಯವನ್ನೇ ಲೆಕ್ಕ ಹಾಕಿದರು, ಅದು 2006ರಲ್ಲಿ ಪ್ರಕಟವಾಯಿತು. ಕೋಚ್‌ಗಳು ಒದೆಯಬಾರದ ಕಡೆ ತುಂಬಾ ಸಲ ಒದೆಯುತ್ತಾರೆ ಎಂಬುದು ಅದರ ಸಾರ. ಅದೂ ಎನ್ಎಫ್ಎಲ್ ಕಿಕ್ಕರ್‌ಗಳ ಮಾತು. ಹೈಸ್ಕೂಲಿನಲ್ಲಿ ಸ್ನ್ಯಾಪ್ ಮಾಡುವ, ಅಂದರೆ ಚೆಂಡನ್ನು ಕಾಲ ನಡುವಿನಿಂದ ಹಿಂದಕ್ಕೆ ಕೊಡುವ ಹುಡುಗ, ಚೆಂಡು ಹಿಡಿದು ನಿಲ್ಲಿಸುವ ಹುಡುಗ, ಒದೆಯುವ ಹುಡುಗ ಮೂವರೂ ಸರಿಯಾಗಿ ಮಾಡಬೇಕು. ನಿಮ್ಮ ಕಿಕ್ಕರ್ ಹತ್ತರಲ್ಲಿ ಏಳು ಹಾಕುತ್ತಾನೆ ಎಂದರೆ ಆ ಕಿಕ್‌ನ ಬೆಲೆ 2.1 ಅಂಕ. ಈಗ ಹತ್ತರಲ್ಲಿ ಮೂರು ಸಲ ಒಳಗೆ ಹೋದರೂ ಸಮ ಆಯಿತು. ನಿಮ್ಮ ಹುಡುಗರು 2 ಯಾರ್ಡಿನಿಂದ ಅಷ್ಟೂ ಮಾಡಲಾರರಾ?

ಈ ಲೆಕ್ಕದಲ್ಲಿ ಎಲ್ಲರೂ ಮರೆಯುವ ಭಾಗ, ಸೋತರೆ ಚೆಂಡು ಎಲ್ಲಿರುತ್ತದೆ ಎಂಬುದು. 2 ಯಾರ್ಡಿನಲ್ಲಿ ನಿಮ್ಮನ್ನು ತಡೆದರೆ ಎದುರಿನ ತಂಡ ತನ್ನದೇ 2 ಯಾರ್ಡಿನಿಂದ ಶುರು ಮಾಡಬೇಕು, ಬೆನ್ನ ಹಿಂದೆ ಅದರ ಎಂಡ್ ಜೋನ್. ಅಲ್ಲಿ ಸಿಕ್ಕಿಬಿದ್ದರೆ ಸೇಫ್ಟಿ, ನಿಮಗೆ 2 ಅಂಕ. ಹದಿನಾರು ಹದಿನೇಳು ವರ್ಷದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ, ಹಂಚುವ ಆಟಗಾರ) ಅಲ್ಲಿ ನಿಂತು ಪಾಸ್ ಎಸೆಯಲು ಹಿಂಜರಿಯುತ್ತಾನೆ, ಪಂಟ್, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಿನವರಿಗೆ ಬಿಟ್ಟುಕೊಡುವ ಕಿಕ್, ಒದೆಯುವವನಿಗೂ ಹಿಂದೆ ಜಾಗ ಸಾಲುವುದಿಲ್ಲ. ಅದೇ ನೀವು ಫೀಲ್ಡ್ ಗೋಲ್ ಒದ್ದು ಅದು ತಪ್ಪಿ ಎಂಡ್ ಜೋನ್ ದಾಟಿತು ಅಂದರೆ ಅವರು ತಮ್ಮ 20 ಯಾರ್ಡಿನಿಂದ ಶುರು ಮಾಡುತ್ತಾರೆ. 18 ಯಾರ್ಡ್ ಪುಕ್ಕಟೆ ಕೊಟ್ಟಂತಾಯಿತು ಅಲ್ವಾ? ಕಿಕ್ ಒಳಗೆ ಹೋದರೂ ಮುಂದಿನ ಕಿಕ್‌ಆಫ್‌ನಿಂದ ಅವರು ಸುಮಾರು ಅಲ್ಲಿಂದಲೋ, ಇನ್ನೂ ಮುಂದಿನಿಂದಲೋ ಆಡುತ್ತಾರೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 2010ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಎನ್ಎಫ್ಎಲ್ ಫೈನಲ್. ನ್ಯೂ ಆರ್ಲಿಯನ್ಸ್ ಸೇಂಟ್ಸ್ 3-10ರಲ್ಲಿ ಹಿಂದೆ ಇತ್ತು. ಎರಡನೇ ಕ್ವಾರ್ಟರ್ ಕೊನೆಗೆ 1 ಯಾರ್ಡಿನಲ್ಲಿ ನಾಲ್ಕನೇ ಡೌನ್. ಕೋಚ್ ಶಾನ್ ಪೇಟನ್ ಒದೆಯಲಿಲ್ಲ, ಪಿಯರ್ ಥಾಮಸ್‌ಗೆ ಚೆಂಡು ಕೊಟ್ಟರು, ಅವನನ್ನು ತಡೆದುಬಿಟ್ಟರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಹತ್ತಿರ ಪೇಟನ್ ಮ್ಯಾನಿಂಗ್‌ನಂಥ ಕ್ವಾರ್ಟರ್‌ಬ್ಯಾಕ್ ಇದ್ದರೂ ತಮ್ಮ ಗೋಲ್ ಲೈನ್ ಪಕ್ಕದಿಂದ ಮೂರು ಸಲ ಓಡಿ ಪಂಟ್ ಮಾಡಬೇಕಾಯಿತು. ಸೇಂಟ್ಸ್‌ಗೆ ಚೆಂಡು ಒಳ್ಳೆಯ ಜಾಗದಲ್ಲಿ ಸಿಕ್ಕಿತು, ಅರ್ಧ ಮುಗಿಯುವಷ್ಟರಲ್ಲಿ ಅದೇ 3 ಅಂಕ ಬಂದೇ ಬಂತು. ಕೊನೆಗೆ 31-17ರಿಂದ ಗೆದ್ದರು. ಸೋತ ನಾಲ್ಕನೇ ಡೌನ್ ಕೂಡ ಕೆಲಸ ಮಾಡುತ್ತಿರುತ್ತದೆ ಎಂದು ಕೋಚ್‌ಗೆ ತೋರಿಸಲು ಆ ಐದು ನಿಮಿಷದ ವಿಡಿಯೋ ಸಾಕು.

ಉಲ್ಟಾ ಉದಾಹರಣೆ ಬೇಕಾದರೆ 2021ರ ಜನವರಿಯ ಗ್ರೀನ್ ಬೇ ಪ್ಯಾಕರ್ಸ್ ಮತ್ತು ಟ್ಯಾಂಪಾ ಬೇ ಪಂದ್ಯ. ಪ್ಯಾಕರ್ಸ್ 23-31ರಲ್ಲಿ ಹಿಂದೆ, ಎರಡು ನಿಮಿಷ ಚಿಲ್ಲರೆ ಬಾಕಿ, 8 ಯಾರ್ಡಿನಲ್ಲಿ ನಾಲ್ಕನೇ ಡೌನ್. ಒದ್ದರು, 26-31 ಆಯಿತು. ಟ್ಯಾಂಪಾ ಬೇ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಚೆಂಡನ್ನು ವಾಪಸ್ ಕೊಡಲೇ ಇಲ್ಲ. 8 ಯಾರ್ಡ್ ಸುಲಭ ಅಂತ ನಾನು ಹೇಳುತ್ತಿಲ್ಲ. ಆದರೆ ಒದ್ದ ಮೇಲೂ ಒಂದು ಟಚ್‌ಡೌನ್ ಬೇಕೇ ಬೇಕಿತ್ತು, ಅದಕ್ಕೆ ಅವರು ಇದ್ದ ಜಾಗಕ್ಕಿಂತ ಒಳ್ಳೆಯ ಜಾಗ ಮತ್ತೆ ಸಿಗುವಂತಿರಲಿಲ್ಲ.

ಈಗ ಆಟಕ್ಕೆ ಬರೋಣ. ಗೋಲ್ ಲೈನ್ ಹತ್ತಿರ ಮೈದಾನದ ಉದ್ದ ಕಡಿಮೆಯಾಗುತ್ತದೆ. ಎಂಡ್ ಜೋನ್ 10 ಯಾರ್ಡ್, ನಿಮ್ಮ 5 ಸೇರಿಸಿ 15. ಹಿಂದಿನ ಗೆರೆಯೇ ಅವರಿಗೆ ಇನ್ನೊಬ್ಬ ಆಟಗಾರ, ಸೇಫ್ಟಿಗಳು (ಇಲ್ಲಿ ಅಂಕ ಅಲ್ಲ, ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕರು) ದೂರದ ಪಾಸ್‌ಗೆ ಹೆದರಬೇಕಿಲ್ಲ, ಎಲ್ಲರೂ ಮುಂದೆ ಬಂದು ಗುಂಪುಗೂಡುತ್ತಾರೆ. ಅಂಥ ಗುಂಪಿನ ನಡುವೆಯೇ ನಿಮ್ಮವರು ಓಡುತ್ತಿದ್ದಾರೆ. ಉದ್ದ ಹೋದರೂ ಅಗಲ ಅಷ್ಟೇ ಇದೆ, 53 ಯಾರ್ಡ್ ಮೇಲೆ. ಹೈಸ್ಕೂಲಿನಲ್ಲಿ ಇನ್ನೊಂದು ಲಾಭ ಇದೆ. ಚೆಂಡು ಇಡುವ ಜಾಗದ ಎಡಬಲ ಮಿತಿ ತೋರಿಸುವ ಅಲ್ಲಿನ ಹ್ಯಾಶ್ ಗೆರೆಗಳು ಮೈದಾನವನ್ನು ಮೂರು ಸಮ ಭಾಗ ಮಾಡುತ್ತವೆ, ಎನ್ಎಫ್ಎಲ್‌ನಲ್ಲಿ ಅವು ನಡುವೆ ಹತ್ತಿರ ಹತ್ತಿರ ಇರುತ್ತವೆ. ಅಂದರೆ ಚೆಂಡು ಎಡ ಹ್ಯಾಶ್ ಮೇಲಿದ್ದರೆ ಬಲಗಡೆ 35 ಯಾರ್ಡ್ ಖಾಲಿ. ಇಷ್ಟು ಅಗಲ ಇಟ್ಟುಕೊಂಡು ಸ್ನ್ಯಾಪ್ ಮಾಡುವ ಸೆಂಟರ್ ಹುಡುಗನ ಬೆನ್ನಿಗೆ ಹೋಗಿ ಗುದ್ದುವುದು ಯಾಕೆ?

ನಿಮ್ಮ ವಿಡಿಯೋದಲ್ಲಿ ಒಂದು ಕೆಲಸ ಮಾಡಿ. ಗೋಲ್ ಲೈನ್ ಹತ್ತಿರದ ಓಟಗಳನ್ನು ಮಾತ್ರ ಬೇರೆ ತೆಗೆದು, ಚೆಂಡನ್ನು ನೋಡದೆ ಎದುರಿನ ಲೈನ್‌ಬ್ಯಾಕರ್‌ಗಳ (ಮುಂದಿನ ಸಾಲಿನ ಹಿಂದೆ ನಿಲ್ಲುವ ರಕ್ಷಕರು) ಕಾಲು ನೋಡಿ. ನಾವು ನಮ್ಮ ತಂಡದ ವಿಡಿಯೋ ನೋಡಿದಾಗ ಸ್ನ್ಯಾಪ್‌ಗೆ ಮುಂಚೆಯೇ ಅವರ ಹಿಮ್ಮಡಿ ಎದ್ದಿತ್ತು, ಭಾರವೆಲ್ಲ ಮುಂಗಾಲಿನ ಮೇಲೆ. ಕ್ವಾರ್ಟರ್‌ಬ್ಯಾಕ್ ಕೈ ಅಲುಗಿದ ಕೂಡಲೇ ಇಬ್ಬರೂ ನಡುವಿಗೆ ಎರಡು ಹೆಜ್ಜೆ ಇಟ್ಟಿರುತ್ತಿದ್ದರು, ಪ್ರತಿ ಸಲ. ಆ ಎರಡು ಹೆಜ್ಜೆಯ ಹಿಂದೆ ಬಿಟ್ಟುಹೋದ ಜಾಗ ನಿಮ್ಮದು. ಇಷ್ಟು ದಿನ ನಡುವೆ ಓಡಿದ್ದು ವ್ಯರ್ಥ ಆಗಲಿಲ್ಲ, ಅವರಿಗೆ ಅಭ್ಯಾಸ ಹಿಡಿಸಿದೆ.

ಅದಕ್ಕೆ ನಾನು ಹೇಳುವ ಪ್ಲೇ ತೀರಾ ಸರಳ. ಅದೇ ಫಾರ್ಮೇಷನ್, ಅದೇ ಜನ, ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡಿದು ಓಡುವವನು) ಚೆಂಡು ಕೊಟ್ಟಂತೆ ಮಾಡಿ ಕ್ವಾರ್ಟರ್‌ಬ್ಯಾಕ್ ಅಗಲದ ಕಡೆಗೆ ಓಡಬೇಕು. ಆ ಕಡೆಯ ಟೈಟ್ ಎಂಡ್ (ಸಾಲಿನ ತುದಿಯಲ್ಲಿ ನಿಂತು ಬ್ಲಾಕ್ ಮಾಡುವ, ಪಾಸೂ ಹಿಡಿಯುವ ಆಟಗಾರ) ಮೊದಲು ಎದುರಿನವನನ್ನು ನಿಜವಾಗಿ ಬ್ಲಾಕ್ ಮಾಡಬೇಕು, ಹೆಗಲು ಕೊಟ್ಟು, ಮನಸ್ಸಿನಲ್ಲಿ ಒಂದು ಎಣಿಸುವಷ್ಟು ಹೊತ್ತು. ಎಲ್ಲ ನಿಂತಿರುವುದು ಇದರ ಮೇಲೆ. ಹುಡುಗರಿಗೆ ಆತುರ, ಕೈ ತಾಗಿಸಿ ಓಡಿಬಿಡುತ್ತಾರೆ, ಅದನ್ನು ನೋಡಿದ ಸೇಫ್ಟಿ ಹಿಂದೆಯೇ ಹೋಗುತ್ತಾನೆ. ಒಂದು ಎಣಿಸಿ ಬಿಟ್ಟರೆ ಲೈನ್‌ಬ್ಯಾಕರ್ ಆಗಲೇ ಅವನನ್ನು ದಾಟಿ ಒಳಗೆ ಹೋಗಿರುತ್ತಾನೆ. ಕ್ವಾರ್ಟರ್‌ಬ್ಯಾಕ್‌ಗೆ ಮೂರೇ ಆಯ್ಕೆ: ಮುಂದೆ ಖಾಲಿ ಇದ್ದರೆ ತಾನೇ ಓಡು, ಟೈಟ್ ಎಂಡ್ ಬಿಡುವಾಗಿದ್ದರೆ ಎಸೆ, ಎರಡೂ ಇಲ್ಲದಿದ್ದರೆ ಚೆಂಡನ್ನು ಅವನ ತಲೆ ಮೇಲೆ ಹಾದು ಹೊರಗೆ ಬೀಳುವಂತೆ ಎಸೆ. ಓಡುತ್ತಲೇ ಎಸೆಯುವುದರಿಂದ ಅವನು ನೋಡಬೇಕಾದದ್ದು ಅರ್ಧ ಮೈದಾನ ಮಾತ್ರ.

ಟ್ರಿಕ್ ಪ್ಲೇ ಹಿಂದೆ ಬೀಳಬೇಡಿ. 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ನಾಲ್ಕನೇ ಡೌನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್‌ಗೇ ಪಾಸ್ ಎಸೆದದ್ದು ಎಲ್ಲರಿಗೂ ನೆನಪಿದೆ. ಅದರಲ್ಲಿ ಕಲಿಯಬೇಕಾದದ್ದು 1 ಯಾರ್ಡಿನಿಂದ ಒದೆಯದೆ ಆಡಿದ ಧೈರ್ಯ.

ಕೋಚ್ ಇದಕ್ಕೆ ಒಂದು ಉತ್ತರ ಕೊಟ್ಟೇ ಕೊಡುತ್ತಾರೆ: ಸಿಯಾಟಲ್ ನೆನಪಿಲ್ವಾ? 2015ರ ಸೂಪರ್ ಬೌಲ್, 1 ಯಾರ್ಡ್, ಎರಡನೇ ಡೌನ್, 26 ಸೆಕೆಂಡ್, ಮಾರ್ಶಾನ್ ಲಿಂಚ್‌ನಂಥ ಓಟಗಾರ ಇದ್ದೂ ರಸೆಲ್ ವಿಲ್ಸನ್ ಪಾಸ್ ಎಸೆದ, ಎದುರಿನ ತಂಡದ ಮಾಲ್ಕಮ್ ಬಟ್ಲರ್ ಹಿಡಿದುಬಿಟ್ಟ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28-24ರಿಂದ ಗೆದ್ದಿತು. ಅವತ್ತಿನಿಂದ ಅರ್ಧ ಅಮೆರಿಕದ ಕೋಚ್‌ಗಳು ಆ ಒಂದು ಪ್ಲೇಯನ್ನು ತೋರಿಸಿ ಪಾಸ್ ಬೇಡ ಎನ್ನುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸಿಯಾಟಲ್ ಹತ್ತಿರ ಒಂದೇ ಟೈಮ್‌ಔಟ್ ಇತ್ತು, ಮೂರೂ ಸಲ ಓಡುವಷ್ಟು ಸಮಯ ಸಾಲುತ್ತಿರಲಿಲ್ಲ, ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಪಾಸ್ ಯೋಚನೆ ಸರಿಯಾಗಿತ್ತು. ಎಸೆದ ಜಾಗ ಕೆಟ್ಟದ್ದು. ಪಾಸ್ ಹಿಡಿಯುವ ಇಬ್ಬರು ರಿಸೀವರ್ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು, ಮುಂದಿನವನನ್ನು ಪೇಟ್ರಿಯಟ್ಸ್‌ನ ಬ್ರಾಂಡನ್ ಬ್ರೌನರ್ ಜಾಗದಲ್ಲೇ ತಡೆದು ನಿಲ್ಲಿಸಿದ, ಬಟ್ಲರ್‌ಗೆ ದಾರಿ ತೆರೆದುಕೊಂಡಿತು, ಚೆಂಡು ಬಂದದ್ದು ಜನ ತುಂಬಿದ ಒಳಭಾಗಕ್ಕೆ. ನಿಮ್ಮ ಹುಡುಗರಿಗೆ ಹೇಳಬೇಕಾದದ್ದು ಇಷ್ಟೇ: ಗೋಲ್ ಲೈನ್ ಹತ್ತಿರ ಪಾಸ್ ಹೊರಗಡೆಗೆ ಹೋಗಬೇಕು, ತಪ್ಪಿದರೆ ನಮ್ಮವನಿಗೂ ಸಿಗದಂತೆ ತಪ್ಪಬೇಕು.

ಓಟದಲ್ಲೂ ಒಂದು ತಿದ್ದುಪಡಿ. 1 ಯಾರ್ಡ್ ಬೇಕಾದಾಗ ಶಾಟ್‌ಗನ್‌ನಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್ ಸೆಂಟರ್‌ನಿಂದ ಹಿಂದೆ ಸರಿದು ನಿಂತು ರನ್ನಿಂಗ್ ಬ್ಯಾಕ್‌ಗೆ 5 ಯಾರ್ಡ್ ಹಿಂದೆ ಚೆಂಡು ಕೊಟ್ಟರೆ ಅವನು 6 ಯಾರ್ಡ್ ಓಡಬೇಕು. ಕ್ವಾರ್ಟರ್‌ಬ್ಯಾಕ್ ಸೆಂಟರ್‌ಗೆ ಅಂಟಿ ನಿಂತು ತಾನೇ ನುಗ್ಗಿದರೆ (ಇದೇ ಸ್ನೀಕ್) ಅದು ನಿಜವಾಗಿಯೂ 1 ಯಾರ್ಡ್. ಈಗಲ್ಸ್‌ನ ಜೇಲನ್ ಹರ್ಟ್ಸ್‌ನನ್ನು ಹಿಂದಿನಿಂದ ತಳ್ಳುವ ಆಟವನ್ನು ನಿಷೇಧಿಸಲು 2025ರಲ್ಲಿ ಎನ್ಎಫ್ಎಲ್‌ನ 22 ತಂಡಗಳು ಮತ ಹಾಕಿದವು, ಬೇಕಿದ್ದದ್ದು 24. ಅಷ್ಟು ಜನ ಹೆದರುವಷ್ಟು ಅದು ನಡೆಯುತ್ತದೆ. ನಿಮ್ಮ ರಾಜ್ಯದ ಹೈಸ್ಕೂಲ್ ನಿಯಮದಲ್ಲಿ ತಳ್ಳುವುದಕ್ಕೆ ಎಷ್ಟು ಅವಕಾಶ ಇದೆ ಎಂದು ಪಂದ್ಯಕ್ಕೆ ಮುಂಚೆ ರೆಫರಿಯನ್ನೇ ಕೇಳಿ. ತಳ್ಳದೆಯೂ ಸ್ನೀಕ್ ಒಳ್ಳೆಯ ಪ್ಲೇ.

ಹಾಗಂತ ಯಾವಾಗಲೂ ಒದೆಯಬಾರದು ಅಂತಲ್ಲ. ಕೊನೆಯ ಕ್ವಾರ್ಟರಿನಲ್ಲಿ 3 ಅಂಕ ಪಂದ್ಯ ಗೆಲ್ಲಿಸುವಂತಿದ್ದರೆ ಒದೆಯಿರಿ. ದಂಡ ಬಿದ್ದು 12 ಯಾರ್ಡಿಗೆ ಹಿಂದೆ ಹೋಗಿದ್ದರೂ ಒದೆಯಿರಿ.

ಕೋಚ್ ಹತ್ತಿರ ಇದನ್ನೆಲ್ಲ ಒಂದೇ ಸಲ ಸುರಿಯಬೇಡಿ. ಹುಡುಗರ ಅಪ್ಪ ಅಮ್ಮ ಗ್ಯಾಲರಿಯಲ್ಲಿ ಕೂತಿರುತ್ತಾರೆ. ಒದ್ದು ಸೋತರೆ ಯಾರೂ ಕೋಚ್‌ನ ಬೈಯುವುದಿಲ್ಲ, ಆಡಿ ಸೋತರೆ ಎಲ್ಲರೂ ಬೈಯುತ್ತಾರೆ. ಆ ಭಯ ನಿಜ, ಅದಕ್ಕೆ ಬೆಲೆ ಕೊಡಿ. ಅಭ್ಯಾಸದಲ್ಲಿ ಮೊದಲು ಬದಲಾಯಿಸಿ. ವಾರದಲ್ಲಿ ಒಂದು ದಿನ ಚೆಂಡನ್ನು 5 ಯಾರ್ಡಿನಲ್ಲಿಟ್ಟು ನಾಲ್ಕು ಡೌನ್ ಆಡಿಸಿ, ಕಿಕ್ಕರ್ ಮೈದಾನದ ಇನ್ನೊಂದು ತುದಿಯಲ್ಲಿರಲಿ. ಎಡ ಹ್ಯಾಶ್‌ನಿಂದ ಒಮ್ಮೆ, ಬಲದಿಂದ ಒಮ್ಮೆ. ಎಷ್ಟು ಸಲ ಒಳಗೆ ಹೋದರು ಎಂದು ನೀವೇ ಬರೆದಿಟ್ಟುಕೊಳ್ಳಿ. ಕೆಲವು ವಾರಗಳಲ್ಲಿ ನಿಮ್ಮದೇ ಹುಡುಗರ ಅಂಕಿ ಕೈಯಲ್ಲಿರುತ್ತದೆ, ರೋಮರ್ ಲೆಕ್ಕಕ್ಕಿಂತ ಕೋಚ್ ಅದನ್ನು ಜಾಸ್ತಿ ನಂಬುತ್ತಾರೆ.

ಆಮೇಲೆ ಪಂದ್ಯಕ್ಕೆ ಒಂದೇ ಒಂದು ಮಾತು ಕೇಳಿಕೊಳ್ಳಿ: ಮೊದಲ ಅರ್ಧದಲ್ಲಿ 3 ಯಾರ್ಡ್ ಒಳಗೆ ನಾಲ್ಕನೇ ಡೌನ್ ಬಂದರೆ ಒದೆಯುವುದಿಲ್ಲ. ಆಗ ಆಡುವ ಪ್ಲೇ ಯಾವುದು ಎಂದು ಗುರುವಾರವೇ ಕೋಚ್ ಕೈಯಲ್ಲಿರುವ ಹಾಳೆಯಲ್ಲಿ ಬರೆಸಿ, ಎಡ ಹ್ಯಾಶ್‌ಗೆ ಒಂದು, ಬಲ ಹ್ಯಾಶ್‌ಗೆ ಒಂದು.